ಆಪ್ತಸಲಹೆ ಪ್ರಕರಣ: "ರಿಸೆಪ್ಷನ್‌ನಲ್ಲಿ ಏನೂ ಹೇಳಬೇಡಿ"

ನನ್ನ ಹತ್ತಿರ ಆಪ್ತಸಲಹೆಗೆ ಬಂದ ಒಬ್ಬ ಮಹಿಳೆಯ ವಿಷಯ ಇದು. ಗುರುತು ಸಿಗಬಾರದು ಅಂತ ಕೆಲವು ವಿವರ ಬದಲಿಸಿದ್ದೇನೆ. ಬರೆದದ್ದನ್ನು ಆಕೆಗೆ ಓದಲು ಕೊಟ್ಟು, ಒಪ್ಪಿಗೆ ಪಡೆದೇ ಹಾಕುತ್ತಿದ್ದೇನೆ.

ವಯಸ್ಸು ಮೂವತ್ತರ ಆಸುಪಾಸು. ಒಳ್ಳೆಯ ಕೆಲಸವಿದೆ. ಬಿಡುವಿನಲ್ಲಿ ಮಾಡೆಲಿಂಗ್ ಮಾಡುತ್ತಿದ್ದರು, ಅದರಲ್ಲಿ ನಗ್ನ ಫೋಟೋಗಳೂ ಇದ್ದವು. ಯಾರ ಬಲವಂತವೂ ಇರಲಿಲ್ಲ. ಇಷ್ಟಪಟ್ಟೇ ಮಾಡುತ್ತಿದ್ದರು, ದುಡ್ಡೂ ಬರುತ್ತಿತ್ತು. ಇದನ್ನು ಮೊದಲೇ ಹೇಳುತ್ತೇನೆ, ಯಾಕೆಂದರೆ ಇಷ್ಟು ಓದಿದ ಕೂಡಲೇ "ಮತ್ತೆ ಇನ್ನೇನಾಗುತ್ತೆ" ಅನ್ನುವವರು ಇದ್ದೇ ಇರುತ್ತಾರೆ. ಆ ಮಾತಿಗೆ ಹೆದರಿಯೇ ಈಕೆ ತಿಂಗಳುಗಟ್ಟಲೆ ಯಾರ ಹತ್ತಿರವೂ ಬಾಯಿ ಬಿಟ್ಟಿರಲಿಲ್ಲ.

ನನ್ನ ಹತ್ತಿರ ಬಂದಿದ್ದು ನಿದ್ದೆಯ ತೊಂದರೆ ಅಂತ. ಆಫೀಸ್ ಕೆಲಸಕ್ಕೆ ಬೇರೆ ಊರಿಗೆ ಹೋಗಿದ್ದರು, ಹೋಟೆಲ್‌ನಲ್ಲಿ ಉಳಿಯಬೇಕಿತ್ತು. ಕೀ ಕಾರ್ಡ್ ಹಾಕಿದಾಗ ಬಾಗಿಲಲ್ಲಿ ಟಿಕ್ ಅನ್ನುತ್ತಲ್ಲ, ಆ ಸದ್ದಿಗೇ ಕೈಕಾಲು ತಣ್ಣಗಾಯಿತಂತೆ. ಒಳಗೆ ಹೋಗಿ ಬಾಗಿಲಿಗೆ ಸೂಟ್‌ಕೇಸ್ ಅಡ್ಡ ಇಟ್ಟು, ಅದಕ್ಕೆ ಕುರ್ಚಿ ಆನಿಸಿ, ಲೈಟ್ ಆರಿಸದೆ ಬೆಳಗಿನವರೆಗೂ ಕೂತಿದ್ದರು. "ಮೇಡಂ, ನನಗೆ ಏನಾಗಿದೆ ಅಂತ ಗೊತ್ತು, ಆದರೆ ತಪ್ಪು ನನ್ನದೇ" ಅಂದರು.

ಆಗಿದ್ದು ಇಷ್ಟು. ಒಬ್ಬ ಫೋಟೋಗ್ರಾಫರ್ ಶೂಟ್‌ಗೆ ಕರೆದ. ಸ್ಟುಡಿಯೋ ಬಾಡಿಗೆ ಜಾಸ್ತಿ, ಹೋಟೆಲ್ ರೂಮ್ ಆದರೆ ಬೆಡ್, ಕನ್ನಡಿ, ಕಿಟಕಿ ಬೆಳಕು ಎಲ್ಲ ಸಿಗುತ್ತೆ ಅಂದ. ಮಾತಾಗಿದ್ದು ಫೋಟೋ ಮಾತ್ರ. ರೂಮ್ ಬುಕ್ ಆಗಿದ್ದು ಅವನ ಹೆಸರಲ್ಲಿ. ಬರುವ ಮುಂಚೆ ಮೆಸೇಜ್ ಹಾಕಿದ್ದ: "ರಿಸೆಪ್ಷನ್‌ನಲ್ಲಿ ಶೂಟ್ ಅಂತ ಹೇಳಬೇಡಿ. ಹೋಟೆಲ್‌ನವರು ಒಪ್ಪಲ್ಲ. ಗೊತ್ತಾದರೆ ಇಬ್ಬರಿಗೂ ತೊಂದರೆ." ಅರ್ಧ ಗಂಟೆ ಫೋಟೋ ತೆಗೆದ ಮೇಲೆ ಕ್ಯಾಮೆರಾವನ್ನು ವಿಡಿಯೋಗೆ ಹಾಕಿದ. ಆಮೇಲೆ ಇನ್ನೊಬ್ಬ ಗಂಡಸು ಬಂದ, ಅವನ "ಜೊತೆ ಪೋಸ್" ಕೊಡಬೇಕು ಅಂತ. ಈಕೆ ಬೇಡ ಅಂದರು, ಒಂದಲ್ಲ ಎರಡು ಸಲ. ಫೋಟೋಗ್ರಾಫರ್ ರೂಮ್ ಬಾಡಿಗೆ, ಲೈಟ್ ಬಾಡಿಗೆ ಎಲ್ಲ ಲೆಕ್ಕ ಹೇಳಿ, ಚೆಕ್‌ಔಟ್ ಟೈಮ್ ಆಗುತ್ತಿದೆ ಅಂತ ಅವಸರ ಮಾಡಿದ. ಒಂದು ಹಂತದಲ್ಲಿ ಈಕೆಯ ಮಾತೇ ನಿಂತುಹೋಯಿತು. ಆಮೇಲಿನದನ್ನು ಇಲ್ಲಿ ಬರೆಯುವ ಅಗತ್ಯವಿಲ್ಲ. ಕೆಲವು ವಾರದ ನಂತರ ಅದರ ತುಣುಕೊಂದು ಒಂದು ಸೈಟ್‌ನಲ್ಲಿ ಕಾಣಿಸಿಕೊಂಡಿತು.

ಮಂಚದ ಪಕ್ಕದಲ್ಲೇ ಇಂಟರ್‌ಕಾಮ್ ಇತ್ತು. ಒಂದು ಬಟನ್ ಒತ್ತಿದ್ದರೆ ಯಾರಾದರೂ ಬರುತ್ತಿದ್ದರು. ಯಾಕೆ ಒತ್ತಲಿಲ್ಲ ಅನ್ನುವ ಪ್ರಶ್ನೆಯೇ ಆಕೆಯನ್ನು ಹಗಲೂ ರಾತ್ರಿ ತಿನ್ನುತ್ತಿತ್ತು. ಮಾತಾಡುತ್ತಾ ಮಾತಾಡುತ್ತಾ ಉತ್ತರವನ್ನು ಆಕೆಯೇ ಹೇಳಿದರು: "ಒತ್ತಿದರೆ ನಾನೇ ಸಿಕ್ಕಿಬೀಳ್ತೀನಿ ಅನ್ನಿಸ್ತು." ನನಗೆ ಇಡೀ ಪ್ರಕರಣದಲ್ಲಿ ಮುಖ್ಯ ಅನ್ನಿಸಿದ್ದು ಈ ಮಾತು. ಹೋಟೆಲ್‌ನವರಿಗೆ ಗೊತ್ತಾಗಬಾರದು ಅನ್ನುವ ಆ ಮೆಸೇಜ್ ಇದೆಯಲ್ಲ, ಅದು ಈಕೆಯನ್ನೂ ಕಳ್ಳತನದಲ್ಲಿ ಪಾಲುದಾರಳನ್ನಾಗಿ ಮಾಡಿತು. ಸಹಾಯ ಮಾಡಬಹುದಾಗಿದ್ದ ಒಬ್ಬರೇ ಒಬ್ಬರನ್ನು ಶತ್ರು ಮಾಡಿಬಿಟ್ಟಿತು. ಬಾಗಿಲಿಗೆ ಹಾಕಿದ್ದ ಚಿಲಕಕ್ಕಿಂತ ಗಟ್ಟಿಯಾಗಿದ್ದು ಅದು.

ನಾನು ಹೇಳಿದ ಮೊದಲ ವಿಷಯ ದೇಹದ ಬಗ್ಗೆ. ತುಂಬಾ ಭಯವಾದಾಗ ಓಡುವುದು, ಹೊಡೆದಾಡುವುದು ಮಾತ್ರ ಅಲ್ಲ, ದೇಹ ಹಾಗೇ ಮರಗಟ್ಟಿ ನಿಂತುಬಿಡುವುದೂ ಇದೆ. ಕೂಗಬೇಕು ಅನ್ನಿಸುತ್ತೆ, ಗಂಟಲು ಬಿಡಲ್ಲ. ಅದನ್ನು ಯಾರೂ ಯೋಚಿಸಿ ಮಾಡುವುದಿಲ್ಲ, ಅದು ಒಪ್ಪಿಗೆಯೂ ಅಲ್ಲ. ಫೋಟೋಗೆ ಹೂಂ ಅಂದಿದ್ದು ಫೋಟೋಗೆ ಮಾತ್ರ. ವಿಡಿಯೋಗೆ ಬೇರೆ ಹೂಂ ಬೇಕು, ಇನ್ನೊಬ್ಬ ಮನುಷ್ಯ ಒಳಗೆ ಬರಲು ಬೇರೆ, ಇಂಟರ್ನೆಟ್‌ಗೆ ಹಾಕಲು ಬೇರೆ. ಮಧ್ಯದಲ್ಲಿ "ಸಾಕು" ಅನ್ನುವ ಹಕ್ಕು ಕೊನೆವರೆಗೂ ಇರುತ್ತೆ, ದುಡ್ಡು ತಗೊಂಡಿದ್ದರೂ ಇರುತ್ತೆ.

"ಆದರೆ ನಾನು ಪೇಪರ್‌ಗೆ ಸೈನ್ ಹಾಕಿದ್ದೀನಿ" ಅಂದರು. ಹಾಕಿಸಿಕೊಂಡಿದ್ದು ರೂಮ್‌ನಲ್ಲೇ, ಮೇಕಪ್ ಮಧ್ಯೆ, ಓದಲು ಬಿಡದೆ. ಆಗ ಅಮೆರಿಕದ ಸ್ಯಾನ್ ಡಿಯಾಗೋದ ಒಂದು ಪ್ರಕರಣ ಹೇಳಿದೆ. ಮಾಡೆಲಿಂಗ್ ಅಂತ ಜಾಹೀರಾತು ಕೊಟ್ಟು ಯುವತಿಯರನ್ನು ವಿಮಾನದಲ್ಲಿ ಕರೆಸಿ, ಹೋಟೆಲ್ ರೂಮ್‌ಗಳಲ್ಲಿ ಅಶ್ಲೀಲ ವಿಡಿಯೋ ಮಾಡುತ್ತಿದ್ದರು. ಇಂಟರ್ನೆಟ್‌ಗೆ ಬರಲ್ಲ, ಹೊರದೇಶದಲ್ಲಿ ಡಿವಿಡಿ ಮಾತ್ರ ಅಂತ ಸುಳ್ಳು ಹೇಳಿ, ಅವಸರದಲ್ಲಿ ಸಹಿ ಹಾಕಿಸುತ್ತಿದ್ದರು. ಕೆಲವರನ್ನು ಶೂಟ್ ಮುಗಿಯುವವರೆಗೆ ಹೊರಗೆ ಬಿಡಲಿಲ್ಲ. 22 ಮಹಿಳೆಯರು ಕೋರ್ಟ್‌ಗೆ ಹೋದರು. 2020ರ ಜನವರಿಯಲ್ಲಿ ನ್ಯಾಯಾಧೀಶರು ಆ ಒಪ್ಪಂದಗಳು ನಡೆಯಲ್ಲ ಅಂತ ಹೇಳಿ, ಸುಮಾರು 1.27 ಕೋಟಿ ಡಾಲರ್ ಪರಿಹಾರ ಕೊಡಿಸಿ, ವಿಡಿಯೋಗಳ ಹಕ್ಕನ್ನೂ ಆ ಮಹಿಳೆಯರಿಗೇ ಕೊಟ್ಟರು. ಅದನ್ನು ನಡೆಸುತ್ತಿದ್ದ ಮುಖ್ಯ ವ್ಯಕ್ತಿಗೆ 2025ರಲ್ಲಿ 27 ವರ್ಷ ಜೈಲಾಯಿತು. ಕಾನೂನು ಒಂದೊಂದು ದೇಶದಲ್ಲಿ ಒಂದೊಂದು ತರ, ಅದಕ್ಕೆ ವಕೀಲರನ್ನು ಕೇಳಲೇಬೇಕು. ಆದರೆ ಸಹಿ ಇದೆ ಅಂದ ಮಾತ್ರಕ್ಕೆ ಬಾಗಿಲು ಮುಚ್ಚಿತು ಅಂತ ತಿಳಿಯಬಾರದು. ಇದನ್ನು ಕೇಳಿದ ದಿನ ಆಕೆ ತುಂಬಾ ಹೊತ್ತು ಅತ್ತರು.

ನಂತರ ಕೆಲಸದ ಮಾತು. ಮೆಸೇಜ್ ಡಿಲೀಟ್ ಮಾಡಬೇಡಿ ಅಂದೆ. ಅಸಹ್ಯವಾಗಿ ಎಲ್ಲವನ್ನೂ ಅಳಿಸಿಬಿಡಬೇಕು ಅನ್ನಿಸುತ್ತೆ, ಅದು ಸಹಜ, ಆದರೆ "ರಿಸೆಪ್ಷನ್‌ನಲ್ಲಿ ಹೇಳಬೇಡಿ" ಅನ್ನುವ ಆ ಮೆಸೇಜೇ ಸಾಕ್ಷಿ. ಬುಕಿಂಗ್ ವಿವರ, ದುಡ್ಡು ಬಂದ ದಾಖಲೆ, ಸೈಟ್‌ನ ಲಿಂಕ್, ಸ್ಕ್ರೀನ್‌ಶಾಟ್ ಎಲ್ಲ ಒಂದು ಕಡೆ ಇಡಿಸಿದೆ. ಕಾರಿಡಾರ್‌ನ ಸಿಸಿಟಿವಿ ದೃಶ್ಯ ಜಾಸ್ತಿ ದಿನ ಉಳಿಯುವುದಿಲ್ಲ, ಹಳೆಯದರ ಮೇಲೆ ಹೊಸದು ಬರುತ್ತೆ. ಈಕೆಯ ವಿಷಯದಲ್ಲಿ ಆ ಸಮಯ ದಾಟಿತ್ತು. ಇಂಥದ್ದು ಈಗಷ್ಟೇ ಆಗಿದ್ದರೆ ದೂರು ಕೊಡುವಾಗ ಅದನ್ನು ತೆಗೆದಿಡಿಸಿ ಅಂತ ಮೊದಲೇ ಕೇಳಿ.

ವಿಡಿಯೋ ಹರಡುವುದನ್ನು ತಡೆಯಲು ಸ್ಟಾಪ್‌ಎನ್‌ಸಿಐಐ ಅನ್ನುವ ಸೇವೆ 2021ರಿಂದ ಇದೆ, 18 ದಾಟಿದವರಿಗೆ. ಚಿತ್ರವನ್ನು ಅವರಿಗೆ ಕಳಿಸಬೇಕಿಲ್ಲ. ನಿಮ್ಮ ಫೋನ್‌ನಲ್ಲೇ ಅದರಿಂದ ಒಂದು ಡಿಜಿಟಲ್ ಗುರುತು ತಯಾರಾಗುತ್ತೆ, ಆ ಗುರುತು ಮಾತ್ರ ಸೇರಿಕೊಂಡಿರುವ ಕಂಪನಿಗಳಿಗೆ ಹೋಗುತ್ತೆ. ಸೇರದ ಸೈಟ್‌ಗಳಿಗೆ ನೇರವಾಗಿ ದೂರು ಬರೆಯಬೇಕು. ಲಿಂಕ್ ಹುಡುಕುವ ಕೆಲಸವನ್ನು ಆಕೆಯ ಗೆಳತಿಗೆ ವಹಿಸಿದೆವು, ಏಕೆಂದರೆ ರಾತ್ರಿ ಎರಡಕ್ಕೆ ಎದ್ದು ತನ್ನದೇ ವಿಡಿಯೋ ಹುಡುಕುತ್ತಾ ಕೂರುವುದು ಗಾಯವನ್ನು ದಿನಾ ಕೆದಕಿದ ಹಾಗೆ.

ಆಕೆಗೆ ಇನ್ನೊಂದು ಭಯ: ಕರ್ಟನ್, ಗೋಡೆಯ ಚಿತ್ರ ನೋಡಿ ಯಾರಾದರೂ ಹೋಟೆಲ್ ಪತ್ತೆ ಮಾಡುತ್ತಾರಾ? ಮಾಡಬಹುದು. ಮಾನವ ಕಳ್ಳಸಾಗಣೆಯ ತನಿಖೆಗೆ ನೆರವಾಗಲಿ ಅಂತಲೇ ಸಂಶೋಧಕರು 50,000 ಹೋಟೆಲ್‌ಗಳ 10 ಲಕ್ಷಕ್ಕೂ ಹೆಚ್ಚು ರೂಮ್ ಫೋಟೋಗಳ ಸಂಗ್ರಹವನ್ನು 2019ರಲ್ಲಿ ಹೊರತಂದರು. ಕಾರ್ಪೆಟ್, ಹೆಡ್‌ಬೋರ್ಡ್, ಲ್ಯಾಂಪ್ ಎಲ್ಲ ಗುರುತು ಹೇಳುತ್ತವೆ. ಈಕೆಯ ಮಟ್ಟಿಗೆ ಅದು ಒಳ್ಳೆಯದೇ, ಎಲ್ಲಿ ನಡೆಯಿತು ಅಂತ ತೋರಿಸುವ ಸಾಕ್ಷಿ. ಆದರೆ ಇಷ್ಟಪಟ್ಟು ಇಂಥ ಶೂಟ್ ಮಾಡುವವರು, ಅದೂ ರೂಮ್‌ನಲ್ಲಿ ಇರುವಾಗಲೇ ಫೋಟೋ ಹಾಕುವವರು, ಹಿಂಬಾಲಿಸುವವನಿಗೂ ಅದೇ ದಾರಿ ಅಂತ ನೆನಪಿಡಬೇಕು.

ಭಯಕ್ಕೆ ಮದ್ದು ಹಂತ ಹಂತವಾಗಿ. ಮೊದಲು ಗೆಳತಿ ಜೊತೆ ಒಂದು ಹೋಟೆಲ್ ಲಾಬಿಯಲ್ಲಿ ಸುಮ್ನೆ ಕೂತು ಬಂದರು. ಮತ್ತೊಮ್ಮೆ ರೂಮ್ ತಗೊಂಡು, ಬಾಗಿಲು ತೆರೆದಿಟ್ಟು ಸ್ವಲ್ಪ ಹೊತ್ತು. ಬುಕಿಂಗ್ ಆಕೆಯ ಹೆಸರಲ್ಲಿ, ಕೀ ಆಕೆಯ ಕೈಯಲ್ಲಿ. ನಾನು ಕೊಟ್ಟ ಇನ್ನೊಂದು ಅಭ್ಯಾಸ: ರೂಮ್‌ಗೆ ಹೋದ ತಕ್ಷಣ ಇಂಟರ್‌ಕಾಮ್ ತೆಗೆದು ರಿಸೆಪ್ಷನ್‌ಗೆ ಫೋನ್ ಮಾಡಿ ಏನಾದರೂ ಕೇಳುವುದು, ಒಂದು ಟವೆಲ್ ಆದರೂ ಸರಿ. ಮೊದಲ ಸಲ ಕೈ ನಡುಗಿತಂತೆ. ಟವೆಲ್ ತಂದ ಹುಡುಗ "ಬೇರೆ ಏನಾದರೂ ಬೇಕಾ ಮೇಡಂ" ಅಂತ ಕೇಳಿ ಹೋದ.

ಮಾಡೆಲಿಂಗ್ ಬಿಡಿ ಅಂತ ನಾನು ಹೇಳಲಿಲ್ಲ, ಅದು ಆಕೆಯ ನಿರ್ಧಾರ. ಮುಂದೆ ಮಾಡುವುದಾದರೆ ಹೇಗೆ ಅಂತ ಮಾತಾಡಿದೆವು. ಹೋಟೆಲ್‌ಗೆ ಶೂಟ್ ವಿಷಯ ಹೇಳಿ ಅನುಮತಿ ಪಡೆದಿರಬೇಕು, ಇಲ್ಲವೇ ಇಂಥ ಶೂಟ್‌ಗೆಂದೇ ಬಾಡಿಗೆ ಕೊಡುವ ಜಾಗ ಆಗಬೇಕು. ಒಪ್ಪಂದ ಹಿಂದಿನ ದಿನವೇ ಕೈಗೆ ಬರಬೇಕು. ಯಾರ್‍ಯಾರು ಇರುತ್ತಾರೆ, ಫೋಟೋನಾ ವಿಡಿಯೋನಾ, ಎಲ್ಲಿ ಹಾಕುತ್ತಾರೆ ಅಂತ ಅದರಲ್ಲಿ ಬರೆದಿರಬೇಕು. ನಂಬಿಕೆಯ ಒಬ್ಬರು ಜೊತೆಗಿರಬೇಕು. ಇದಕ್ಕೆ ಮುಖ ಸಿಂಡರಿಸುವ ಫೋಟೋಗ್ರಾಫರ್ ಹತ್ತಿರ ಹೋಗುವುದೇ ಬೇಡ.

ಆ ತುಣುಕನ್ನು ಸೈಟ್‌ನವರು ತೆಗೆದಿದ್ದಾರೆ, ಬೇರೆ ಕಡೆ ಬಂದರೆ ಗೆಳತಿ ನೋಡಿಕೊಳ್ಳುತ್ತಾರೆ. ದೂರು ಕೊಟ್ಟಾಗಿದೆ, ತನಿಖೆ ನಿಧಾನಕ್ಕೆ ನಡೆಯುತ್ತಿದೆ. ಕಳೆದ ಭೇಟಿಯಲ್ಲಿ ಅಮ್ಮನಿಗೆ ಹೇಳಲಾ ಅಂತ ಕೇಳಿದರು. ಅಮ್ಮ ಮೊದಲು ಏನಂತಾರೆ, ಆಮೇಲೆ ಏನಂತಾರೆ ಅಂತ ಇಬ್ಬರೂ ಕೂತು ಮಾತಾಡುತ್ತಿದ್ದೇವೆ. ಹೇಳುವುದಾದರೆ ಯಾವಾಗ, ಎಷ್ಟು ಅನ್ನುವುದು ಆಕೆಗೇ ಬಿಟ್ಟಿದ್ದು.