ಸಹಿ ಹಾಳೆ ಯಾರ ಕೈಗೆ ಕೊಡಬೇಕು?

ಪ್ರಶ್ನೆ: ಅಕ್ಕಾ, ನಮಸ್ಕಾರ. ನಮ್ಮದು ಲಾಲ್‌ಬಾಗ್‌ನ ಹಳೇ ಚಾಳ್. ಅಜ್ಜ ಕುಂದಾಪುರದಿಂದ ಬಂದು, ಹೋಟೆಲಿನಲ್ಲಿ ದುಡಿದು, ಪಗಡಿ (ಬಾಡಿಗೆಯ ಹೊರತಾಗಿ ಮೊದಲೇ ಕೊಡುವ ದೊಡ್ಡ ಮೊತ್ತ) ಕೊಟ್ಟು ಹಿಡಿದ ಖೋಲಿ. ಪಗಡಿ ಕಟ್ಟಡಗಳಿಗೆ ಹೊಸ ಕಾನೂನು ಬರುತ್ತದೆ ಅಂತ ಎಲ್ಲರ ಬಾಯಲ್ಲೂ ಮಾತು. ಚಾಳ್ ಕಮಿಟಿಯವರು ಒಂದು ಕಾಗದ ಬರೆದು, ಎಲ್ಲರ ಸಹಿ ತೆಗೆದುಕೊಂಡು ನಗರಸೇವಕರಿಗೆ ಕೊಡೋಣ ಎನ್ನುತ್ತಿದ್ದಾರೆ. ಮಾಲೀಕರ ಕಡೆ ವಕೀಲರಿದ್ದಾರೆ, ಬಿಲ್ಡರ್‌ಗಳಿದ್ದಾರೆ. ನಮ್ಮಂಥವರ ಮಾತು ವಿಧಾನ ಭವನದವರೆಗೆ ಹೋಗುತ್ತದಾ?
— ಒಬ್ಬ ಓದುಗ, ಲಾಲ್‌ಬಾಗ್, ಮುಂಬಯಿ

ಉತ್ತರ: ಹೋಗುತ್ತದೆ ತಮ್ಮಾ. ಆದರೆ ನಗರಸೇವಕರ ಮೂಲಕ ಅಲ್ಲ. ಅವರ ಸಭೆ ನಡೆಯುವುದು ಸಿಎಸ್‌ಟಿ ಎದುರಿನ ಪಾಲಿಕೆ ಕಟ್ಟಡದಲ್ಲಿ. ಬಾಡಿಗೆ ಕಾನೂನು ಆಗುವುದು ನರೀಮನ್ ಪಾಯಿಂಟ್‌ನ ವಿಧಾನ ಭವನದಲ್ಲಿ, ಚಳಿಗಾಲದ ಅಧಿವೇಶನವಾದರೆ ನಾಗಪುರದಲ್ಲಿ. ನಗರಸೇವಕರಿಗೆ ಕೊಟ್ಟರೆ ಒಂದು ಫೋಟೊ ಬರುತ್ತದೆ, ಕಾಗದ ಅಲ್ಲೇ ಉಳಿಯುತ್ತದೆ. ನಿಮಗೆ ಬೇಕಾದವರು ಆಮದಾರರು, ಅಂದರೆ ಶಾಸಕರು.

ನಾನು ಫೋರ್ಟ್‌ನಲ್ಲಿ ಒಬ್ಬ ವಕೀಲರ ಆಫೀಸಿನಲ್ಲಿ ರಿಟೈರ್ ಆಗುವವರೆಗೂ ಟೈಪಿಂಗ್ ಮಾಡಿದವಳು. ಇಂಥ ಅರ್ಜಿಗಳನ್ನು ರಾಶಿಗಟ್ಟಲೆ ಟೈಪ್ ಮಾಡಿದ್ದೇನೆ. ‘ಬಡವರಿಗೆ ನ್ಯಾಯ ಕೊಡಿಸಿ’ ಎಂದು ಮೂರು ಪುಟ ಬರೆಸಿದವರ ಕಾಗದ ಫೈಲು ಸೇರುತ್ತಿತ್ತು. ಒಂದೇ ಒಂದು ಕಲಂ ಹಿಡಿದು, ಅದರಲ್ಲಿ ಈ ಶಬ್ದ ತೆಗೆಯಿರಿ, ಈ ಶಬ್ದ ಹಾಕಿ ಎಂದು ಬರೆಸಿದವರಿಗೆ ಆಮದಾರರ ಪಿಎ ಕಡೆಯಿಂದ ಫೋನ್ ಬರುತ್ತಿತ್ತು. ಯಾಕೆ ಗೊತ್ತಾ? ಸದನದಲ್ಲಿ ಆಮದಾರರು ತಿದ್ದುಪಡಿ ಸೂಚಿಸಬೇಕಾದರೆ ಅವರಿಗೂ ಅದೇ ಬೇಕು: ಕಲಂ ನಂಬರ್ ಮತ್ತು ಬದಲಿ ವಾಕ್ಯ. ನೀವು ಅದನ್ನು ಕೈಗೆ ಕೊಟ್ಟರೆ ಅವರ ಅರ್ಧ ಕೆಲಸ ಮುಗಿಯಿತು.

ಹಾಗಾಗಿ ಮೊದಲು ಒಂದು ವಿಷಯ ಪತ್ತೆ ಮಾಡಿ. ‘ಕಾನೂನು ಬರುತ್ತದೆ’ ಅಂದರೆ ಏನು ಬಂದಿದೆ? ಮಂತ್ರಿಗಳು ಬರೀ ಘೋಷಣೆ ಮಾಡಿದ್ದರೆ ತಿದ್ದಲು ಇನ್ನೂ ಕಾಗದವೇ ಇಲ್ಲ. ಕರಡು ನಿಯಮ ಗೆಜೆಟ್‌ನಲ್ಲಿ ಬಂದಿದ್ದರೆ ಅದರಲ್ಲೇ ‘ಹರಕತಿ ವ ಸೂಚನಾ’ (ಆಕ್ಷೇಪಣೆ, ಸಲಹೆ) ಕಳಿಸಲು ಕೊನೆಯ ದಿನ, ವಿಳಾಸ ಎರಡೂ ಇರುತ್ತವೆ. ಆ ತಾರೀಖು ದಾಟಿದರೆ ಕೇಳುವವರಿಲ್ಲ. ಮಸೂದೆಯೇ ಮಂಡನೆ ಆಗಿದ್ದರೆ ಅದಕ್ಕೊಂದು ನಂಬರ್ ಇರುತ್ತದೆ. ವಿಧಾನಸಭೆಯಲ್ಲಿ ಮಂಡಿಸಿದ್ದಾದರೆ ಎಲ್.ಎ. ಬಿಲ್, ಪರಿಷತ್ತಿನಲ್ಲಾದರೆ ಎಲ್.ಸಿ. ಬಿಲ್. ವಿಧಾನಮಂಡಳದ ವೆಬ್‌ಸೈಟ್‌ನಲ್ಲಿ ಸಿಗುತ್ತದೆ. ವಾಟ್ಸಾಪ್‌ನಲ್ಲಿ ಬಂದ ಸಾರಾಂಶ ನಂಬಬೇಡಿ. ಅದನ್ನು ಬರೆದವರೂ ಮಸೂದೆ ಓದಿರುವುದಿಲ್ಲ, ಹೆಚ್ಚಿನ ಸಲ.

ಮಸೂದೆ ಕೈಗೆ ಸಿಕ್ಕರೆ ಹಿಂದಿನ ಪುಟಗಳಿಂದ ಓದಲು ಶುರು ಮಾಡಿ. ಕೊನೆಯಲ್ಲಿ ‘ಉದ್ದೇಶ ಮತ್ತು ಕಾರಣಗಳು’ ಎಂದಿರುತ್ತದೆ. ಸರಕಾರ ಯಾಕೆ ತಂದಿದೆ ಎಂಬುದು ಅಲ್ಲಿ ಸರಳವಾಗಿ ಇರುತ್ತದೆ. ಅದರ ಪಕ್ಕದಲ್ಲೇ ಇನ್ನೊಂದು ಟಿಪ್ಪಣಿ: ಯಾವ ಯಾವ ವಿಷಯವನ್ನು ಆಮೇಲೆ ನಿಯಮ ಮಾಡಿ ತೀರ್ಮಾನಿಸುತ್ತೇವೆ ಎಂಬ ಪಟ್ಟಿ. ಇದನ್ನು ಯಾರೂ ನೋಡುವುದಿಲ್ಲ, ನನಗೆ ಮಾತ್ರ ಇದೇ ಜಾಸ್ತಿ ಮುಖ್ಯ. ನಿಮ್ಮ ಕಾರ್ಪೆಟ್ ಏರಿಯಾ, ಟ್ರಾನ್ಸಿಟ್ ಬಾಡಿಗೆ (ಹೊಸ ಕಟ್ಟಡ ಆಗುವವರೆಗೆ ಬೇರೆಡೆ ಇರಲು ಕೊಡುವ ಬಾಡಿಗೆ), ಇಂಥವನ್ನೆಲ್ಲ ‘ನಿಯಮದಲ್ಲಿ ಹೇಳಿದಂತೆ’ ಎಂದು ಬಿಟ್ಟಿದ್ದಾರಾ ನೋಡಿ. ಬಿಟ್ಟಿದ್ದರೆ ಮಸೂದೆ ಪಾಸಾದ ಮೇಲೂ ನಿಮ್ಮ ಕೆಲಸ ಮುಗಿಯುವುದಿಲ್ಲ, ನಿಯಮ ಬರುವಾಗ ಮತ್ತೆ ಬರೆಯಬೇಕು. ಆಮೇಲೆ ಮುಂದಕ್ಕೆ ಬಂದು ‘ವ್ಯಾಖ್ಯೆ’ ಇರುವ ಕಲಂ ಓದಿ. ಬಾಡಿಗೆದಾರ ಅಂದರೆ ಯಾರು? ಜಗಳ ಇರುವುದೇ ಅಲ್ಲಿ.

ನಿಮ್ಮ ಪತ್ರದ ಜೊತೆ ಇಟ್ಟ ಎರಡನೇ ಚೀಟಿಯಲ್ಲಿ, ಮಾಲೀಕರು ಈಗ ಭಾಡೇಪಾವತಿ (ಬಾಡಿಗೆ ರಸೀದಿ) ಕೊಡುವುದನ್ನೇ ನಿಲ್ಲಿಸಿದ್ದಾರೆ, ಕಳಿಸಿದ ಮನಿಆರ್ಡರ್ ವಾಪಸ್ ಬರುತ್ತಿದೆ ಎಂದು ಸುಮ್ನೆ ಒಂದು ಸಾಲು ಬರೆದಿದ್ದೀರಿ. ತಮ್ಮಾ, ನಿಮ್ಮ ಅರ್ಜಿ ಅದೇ! ಕಮಿಟಿಯವರ ಕಾಗದದಲ್ಲಿ ‘ಮರಾಠಿ ಮಾಣೂಸ್, ಗಿರಣಿ ಕಾಮಗಾರ್, ಮೂರು ತಲೆಮಾರಿನ ತ್ಯಾಗ’ ಎಲ್ಲ ಇದೆ, ಈ ಒಂದು ಮಾತು ಇಲ್ಲ. ನಾನಾದರೆ ಹೀಗೆ ಬರೆಯುತ್ತಿದ್ದೆ:

‘ನಮ್ಮ ಖೋಲಿ 160 ಚದರ ಅಡಿ. ಪಾವತಿ ಮೊದಲು ಅಜ್ಜನ ಹೆಸರಿನಲ್ಲಿತ್ತು, ಈಗ ತಂದೆಯ ಹೆಸರಿನಲ್ಲಿದೆ. ಮಾಲೀಕರು ಈಗ ಬಾಡಿಗೆ ತೆಗೆದುಕೊಳ್ಳುತ್ತಿಲ್ಲ. ವಾಪಸ್ ಬಂದ ಮನಿಆರ್ಡರಿನ ನಕಲು ಲಗತ್ತಿಸಿದ್ದೇವೆ. ಕಲಂ ಇಂತಿಷ್ಟರಲ್ಲಿ ಚಾಲ್ತಿ ಪಾವತಿ ಇರುವವರೇ ಬಾಡಿಗೆದಾರರು ಎಂದಾದರೆ ನಾವು ಹೊರಗೆ ಬೀಳುತ್ತೇವೆ. ಆದ್ದರಿಂದ “ಪಾವತಿ” ಎಂಬುದರ ಮುಂದೆ “ಅಥವಾ ಬಾಡಿಗೆ ಕಳಿಸಿದ ಪುರಾವೆ, ಲೈಟ್ ಬಿಲ್, ಮತದಾರರ ಪಟ್ಟಿ” ಎಂದು ಸೇರಿಸಬೇಕು.’

ಇಷ್ಟೇ. ಒಂದು ಪುಟ ದಾಟಬಾರದು. ಕಲಂ ನಂಬರ್, ಅದರಲ್ಲಿರುವ ಶಬ್ದ ಎರಡನ್ನೂ ಮಸೂದೆ ನೋಡಿಯೇ ತುಂಬಿ, ಊಹೆಯಿಂದ ಬೇಡ. ಅಳಲು ತೋಡಿಕೊಳ್ಳಬೇಡಿ ಅಂತಲ್ಲ, ಆದರೆ 160 ಅಂಕೆ ಮತ್ತು ವಾಪಸ್ ಬಂದ ಮನಿಆರ್ಡರ್ ಸಾಕು, ಓದುವವರಿಗೆ ಅರ್ಥವಾಗುತ್ತದೆ. ಪಾವತಿ ಕೊಡುವುದು ಮಾಲೀಕರ ಕರ್ತವ್ಯ ಎಂದು 1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯ್ದೆಯಲ್ಲೇ ಇದೆ, ಅದನ್ನೂ ಒಂದು ಸಾಲು ಹಾಕಿ. ಪಗಡಿಯನ್ನು ಸಕ್ರಮ ಮಾಡಿದ್ದೂ ಅದೇ ಕಾಯ್ದೆ, 2000ದ ಮಾರ್ಚ್ 31ರಿಂದ. ಅದಕ್ಕೂ ಮುಂಚೆ, 1947ರ ಬಾಂಬೆ ರೆಂಟ್ ಆ್ಯಕ್ಟ್ ಇದ್ದಾಗ ಪಗಡಿ ತೆಗೆದುಕೊಳ್ಳುವುದೇ ಅಪರಾಧ. ಅರ್ಧ ಗಿರಗಾಂವ್, ಪರೇಲ್ ಆ ಅಪರಾಧದ ಮೇಲೆಯೇ ಸಂಸಾರ ನಡೆಸಿತು, ಅಲ್ವಾ? ಯಾರಾದರೂ ಪಗಡಿ ಎಂದರೆ ಅಕ್ರಮ ಎಂದು ಹೆದರಿಸಿದರೆ ಈ ತಾರೀಖು ಹೇಳಿ.

ಒಂದು ಕಲಂ ಎಷ್ಟು ದೊಡ್ಡದು ಎಂಬುದಕ್ಕೆ ನಿಮ್ಮ ಪಕ್ಕದ ಸೆಸ್ ಕಟ್ಟಡದವರನ್ನೇ, ಅಂದರೆ ದುರಸ್ತಿಗೆಂದು ಸೆಸ್ ಕಟ್ಟುವ ಹಳೇ ಕಟ್ಟಡದವರನ್ನೇ, ಕೇಳಿ. ಮ್ಹಾಡಾ (ರಾಜ್ಯದ ವಸತಿ ಪ್ರಾಧಿಕಾರ) ಕಾಯ್ದೆಗೆ 79-ಎ ಎಂಬ ಕಲಂ ಸೇರಿಸುವ ಮಸೂದೆ 2020ರಲ್ಲಿ ಬಂತು. ಅಪಾಯದ ಕಟ್ಟಡಕ್ಕೆ ಮಾಲೀಕರು ಆರು ತಿಂಗಳಲ್ಲಿ ರೀಡೆವಲಪ್‌ಮೆಂಟ್ ಪ್ರಸ್ತಾವ ಕೊಡಬೇಕು. ಕೊಡದಿದ್ದರೆ ಬಾಡಿಗೆದಾರರ ಸೊಸೈಟಿಗೆ ಆರು ತಿಂಗಳು. ಅವರಿಂದಲೂ ಆಗದಿದ್ದರೆ ಮ್ಹಾಡಾ ಕೈಗೆ. ರಾಷ್ಟ್ರಪತಿಗಳ ಅಂಕಿತ ಬಿದ್ದದ್ದು 2022ರ ಡಿಸೆಂಬರ್‌ನಲ್ಲಿ. ನಡುವಿನ ಎರಡು ವರ್ಷ ಎಷ್ಟೋ ಚಾಳ್‌ಗಳಲ್ಲಿ ಜನ ‘ಕಾನೂನು ಆಗಿದೆಯಂತೆ, ಯಾಕೆ ಏನೂ ಆಗುತ್ತಿಲ್ಲ’ ಎಂದು ಮಾಲೀಕರ ಜೊತೆ ಸುಮ್ಮನೆ ಜಗಳ ಆಡಿದರು.

ಕಾಗದ ಯಾರಿಗೆ? ನಿಮ್ಮ ಕ್ಷೇತ್ರದ ಆಮದಾರರಿಗೆ, ಖಾತೆಯ ಮಂತ್ರಿಗೆ. ಮಸೂದೆ ಎರಡೂ ಸದನಗಳ ಸಂಯುಕ್ತ ಸಮಿತಿಗೆ ಹೋಗಿದ್ದರೆ ಅದರ ಅಧ್ಯಕ್ಷರಿಗೆ, ಜೊತೆಗೆ ಸಮಿತಿಯಲ್ಲಿರುವ ವಿರೋಧ ಪಕ್ಷದ ಒಬ್ಬ ಸದಸ್ಯರಿಗೆ. ಪಕ್ಷ ನೋಡಬೇಡಿ. ಆಮದಾರರ ಆಫೀಸಿಗೆ ನೀವೇ ಹೋಗಿ, ಎರಡನೇ ಪ್ರತಿಯ ಮೇಲೆ ತಾರೀಖು ಸಮೇತ ಪೋಚ್ (ತಲುಪಿದ್ದಕ್ಕೆ ಸಹಿ, ಸಿಕ್ಕಾ) ತೆಗೆದುಕೊಳ್ಳಿ. ಪೋಚ್ ಇಲ್ಲದ ಅರ್ಜಿ ಕೊಟ್ಟೂ ಕೊಡದ ಹಾಗೆ. ಉಳಿದವರಿಗೆ ಸ್ಪೀಡ್ ಪೋಸ್ಟ್. 2025ರಲ್ಲಿ ರಿಜಿಸ್ಟರ್ಡ್ ಪೋಸ್ಟ್ ಅದರಲ್ಲೇ ಸೇರಿಹೋಗಿದೆ. ಸಹಿ ಹಾಳೆ ಬಿಸಾಡಬೇಡಿ, ಕಾಗದದ ಹಿಂದೆ ಲಗತ್ತಿಸಿ. ಸಹಿಯ ಮುಂದೆ ಖೋಲಿ ನಂಬರ್, ಎಷ್ಟು ವರ್ಷದಿಂದ ಇದ್ದಾರೆ ಎಂಬುದನ್ನೂ ಬರೆಸಿ. ಆಗ ಅದು ಬರೀ ಸಹಿ ಅಲ್ಲ, ಚಾಳ್‌ನ ಪಟ್ಟಿ.

ಮತ್ತೆ, ಮಸೂದೆ ಬರಲಿ ಆಮೇಲೆ ನೋಡೋಣ ಎಂದು ಕೂರಬೇಡಿ. ನಮ್ಮ ಕನ್ನಡ ಶಾಲೆಗಳಿಗೂ ತಾಗುವ ಮರಾಠಿ ಕಡ್ಡಾಯ ಕಲಿಕೆಯ ಮಸೂದೆ 2020ರ ಫೆಬ್ರವರಿ ಕೊನೆಯಲ್ಲಿ, ಮರಾಠಿ ಭಾಷಾ ದಿನದ ಹೊತ್ತಿಗೆ, ನೋಡನೋಡುತ್ತ ಎರಡೂ ಸದನ ದಾಟಿತು. ಅದನ್ನು ಯಾರೂ ವಿರೋಧಿಸಲಿಲ್ಲ, ನಾವೂ ವಿರೋಧಿಸಬೇಕಿರಲಿಲ್ಲ. ಆದರೆ ಏನಾದರೂ ಹೇಳುವುದಿದ್ದ ಶಾಲೆಯವರಿಗೆ ಬರೆಯಲು ಪುರುಸೊತ್ತೇ ಸಿಕ್ಕಿರಲಿಕ್ಕಿಲ್ಲ.

ಪ್ರಶ್ನೆ: ಮೇಡಂ, ನಾನು ಐಟಿಯಲ್ಲಿದ್ದೇನೆ. ಒಂದು ಮಸೂದೆ ವಿರುದ್ಧ ಆನ್‌ಲೈನ್ ಪಿಟಿಷನ್‌ಗೆ ಸಹಿ ಹಾಕಿ ಎಲ್ಲ ಗ್ರೂಪ್‌ಗಳಿಗೂ ಕಳಿಸಿದೆ. ಇದರಿಂದ ಪ್ರಯೋಜನ ಉಂಟಾ?
— ಓದುಗ, ಪಿಂಪ್ರಿ, ಪುಣೆ

ಉತ್ತರ: ಸುದ್ದಿ ಹರಡಲು ಉಂಟು. ಮಸೂದೆ ತಿದ್ದಲು ಕಡಿಮೆ. ನಕ್ಸಲ್ ಚಟುವಟಿಕೆ ತಡೆಯಲೆಂದು ಮಹಾರಾಷ್ಟ್ರ ಸರಕಾರ ತಂದ ಜನಸುರಕ್ಷಾ ಮಸೂದೆಯ ಕಥೆ ನೋಡಿ. 2024ರ ಜುಲೈನಲ್ಲಿ ಮಂಡಿಸಿದರು. ಚುನಾವಣೆ ಬಂತು, ಆ ವಿಧಾನಸಭೆ ಮುಗಿಯಿತು, ಅದರ ಜೊತೆ ಬಾಕಿ ಇದ್ದ ಮಸೂದೆಯೂ ಬಿದ್ದುಹೋಯಿತು. ಡಿಸೆಂಬರ್‌ನಲ್ಲಿ ನಾಗಪುರದಲ್ಲಿ ಮತ್ತೆ ತಂದು, ಚಂದ್ರಶೇಖರ ಬಾವನಕುಳೆ ಅವರ ಅಧ್ಯಕ್ಷತೆಯ ಸಂಯುಕ್ತ ಸಮಿತಿಗೆ ಕಳಿಸಿದರು. ಸಮಿತಿ ಜನರಿಂದ ಸೂಚನೆ ಕರೆಯಿತು; 12,000ಕ್ಕೂ ಜಾಸ್ತಿ ಬಂದವು. ಮೊದಲಿನ ಕರಡಿನಲ್ಲಿ ‘ವ್ಯಕ್ತಿಗಳು ಮತ್ತು ಸಂಘಟನೆಗಳು’ ಎಂದು ಎಲ್ಲರನ್ನೂ ಬಾಚುವ ಮಾತಿತ್ತು. ಅದು ತೀವ್ರ ಎಡಪಂಥೀಯ ಮತ್ತು ಅಂಥದೇ ಸಂಘಟನೆಗಳು ಎಂದು ಬದಲಾಯಿತು. 2025ರ ಜುಲೈನಲ್ಲಿ ಎರಡೂ ಸದನಗಳಲ್ಲಿ ಪಾಸಾಯಿತು. ಈಗಲೂ ವ್ಯಾಖ್ಯೆ ಸಡಿಲ ಎಂದು ವಿರೋಧಿಸುವವರಿದ್ದಾರೆ. ‘ಅಂಥದೇ’ ಅಂದರೆ ಎಂಥದು ಎಂದು ನನಗೂ ಅನ್ನಿಸುತ್ತದೆ. ಆದರೂ ಬದಲಾದದ್ದು ಸಮಿತಿಯ ಟೇಬಲ್ ಮೇಲೆ ಎಂಬುದನ್ನು ಗಮನಿಸಿ.

ನೀವು ಮಾಡಬೇಕಾದದ್ದು: ಸಮಿತಿಯ ಕೊನೆಯ ತಾರೀಖು ನೋಡಿ, ನಿಮ್ಮ ಹೆಸರು, ವಿಳಾಸ ಹಾಕಿ, ನಿಮ್ಮ ಮಾತಿನಲ್ಲಿ ಒಂದು ಮೇಲ್. ಕಾಪಿ ಪೇಸ್ಟ್ ಬೇಡ. ಒಂದೇ ಒಕ್ಕಣೆಯ ಸಾವಿರ ಮೇಲ್ ಬಂದರೆ ಓದುವವರಿಗೆ ಅದು ಒಂದೇ ಮೇಲ್. ಹಳೆಯ ಮಸೂದೆ ಬಿದ್ದುಹೋಗಿ ಹೊಸ ನಂಬರಿನಲ್ಲಿ ಬಂದಿದ್ದರೆ ಹಳೆಯ ಅರ್ಜಿ ಲೆಕ್ಕಕ್ಕಿಲ್ಲ ಎಂದೇ ತಿಳಿದು ಮತ್ತೆ ಕಳಿಸಿ.

ಪ್ರಶ್ನೆ: ಅಮ್ಮಾ, ನಾವು ಬಾಗಲಕೋಟೆ ಕಡೆಯವರು, ವಾಸ್ಕೋದಲ್ಲಿ ಮನೆ. 2021ರಲ್ಲಿ ಗೋವಾ ವಿಧಾನಸಭೆಯಲ್ಲಿ ಬಿಲ್ ಪಾಸಾಯಿತು, ಮೂವತ್ತು ವರ್ಷ ಇದ್ದವರಿಗೆ ಮನೆ ಹಕ್ಕು ಸಿಗುತ್ತದೆ ಅಂತ ಓಣಿಯಲ್ಲಿ ಪೇಡೆ ಹಂಚಿದರು. ಹಕ್ಕು ಎಲ್ಲಿ ಹೋಯಿತು?
— ಓದುಗರು, ವಾಸ್ಕೋ

ಉತ್ತರ: ಪಾಸಾದದ್ದು ನಿಜ, ಕಾನೂನು ಆಗಲಿಲ್ಲ. ಅದು ಭೂಮಿಪುತ್ರ ಅಧಿಕಾರಿಣಿ ಮಸೂದೆ. 2021ರ ಜುಲೈ 30ರಂದು ಪರ್ವರಿಯ ವಿಧಾನಸಭೆಯಲ್ಲಿ ಪಾಸಾಯಿತು. ಮೂವತ್ತು ವರ್ಷ ಗೋವಾದಲ್ಲಿ ಇದ್ದವರು, 2019ರ ಏಪ್ರಿಲ್ 1ಕ್ಕೆ ಮೊದಲು ಕಟ್ಟಿದ, 250 ಚದರ ಮೀಟರ್ ಒಳಗಿನ ಮನೆಗೆ ಹಕ್ಕು ಕೇಳಬಹುದು ಎಂದಿತ್ತು. ನಿಮ್ಮಂಥವರಿಗೆ ಆಸೆ ಹುಟ್ಟಿದ್ದು ಸಹಜ. ಆದರೆ ಭೂಮಿಪುತ್ರ ಎಂಬ ಹೆಸರಿಗೆ ಆದಿವಾಸಿ ಸಂಘಟನೆಗಳು ಸಿಟ್ಟಾದವು. ಹೊರಗಿನವರಿಗೆ ಜಾಗ ಕೊಡುವ ಬಿಲ್ ಎಂದು ಉಳಿದವರೂ ಬೀದಿಗಿಳಿದರು. ಮುಖ್ಯಮಂತ್ರಿ ಪ್ರಮೋದ್ ಸಾವಂತ್ ಹೆಸರು ಬದಲಿಸುತ್ತೇವೆ ಎಂದರು, ಕೊನೆಗೆ ಮಸೂದೆಯನ್ನೇ ತಡೆದು ನಿಲ್ಲಿಸಿದರು. ರಾಜ್ಯಪಾಲರ ಇಲ್ಲವೇ ರಾಷ್ಟ್ರಪತಿಗಳ ಅಂಕಿತ ಬೀಳದೆ ಯಾವ ಮಸೂದೆಯೂ ಕಾನೂನು ಅಲ್ಲ.

ಗೋವಾದಲ್ಲಿ ವಿಧಾನ ಪರಿಷತ್ತು ಇಲ್ಲ, 40 ಸದಸ್ಯರ ಒಂದೇ ಸದನ. ಅಲ್ಲಿ ದಾಟಿದರೆ ಎರಡನೇ ಸದನದ ತಡೆ ಇಲ್ಲ, ನಿಮಗೆ ಬರೆಯಲು ಎರಡನೇ ಸದನವೂ ಇಲ್ಲ. ವಿರೋಧಿಸಿದವರು ಮಾತಾಡಿದರು, ಕಾಗದ ಕೊಟ್ಟರು. ಬೇಕು ಎಂದವರು ಪೇಡೆ ತಿಂದು ಮನೆಯಲ್ಲಿದ್ದರು. ಸ್ವಲ್ಪ ಖಾರವಾಗಿ ಹೇಳಿದೆ, ಬೇಜಾರು ಮಾಡಿಕೊಳ್ಳಬೇಡಿ. ಮುಂದೆ ಮನೆ ಸಕ್ರಮದ ಯಾವ ಮಾತು ಬಂದರೂ ಮೊದಲು ಒಂದು ಪ್ರಶ್ನೆ ಕೇಳಿ: ಜಾಗ ಯಾರದು? ಸರಕಾರದ್ದಾ, ಊರವರ ಸಾಮೂಹಿಕ ಜಮೀನಿನ ಸಂಸ್ಥೆ ಕೊಮುನಿದಾದ್‌ನದ್ದಾ, ಖಾಸಗಿಯಾ? ಮೂರಕ್ಕೂ ಬೇರೆ ಬೇರೆ ಕಾನೂನು. ಮನೆ ಪಟ್ಟಿ (ಮನೆ ತೆರಿಗೆ) ರಸೀದಿ, ಲೈಟ್ ಬಿಲ್, ಮಕ್ಕಳ ಶಾಲೆ ದಾಖಲೆ, ಹಳೆಯದು ಎಷ್ಟಿದೆಯೋ ಅಷ್ಟನ್ನೂ ಒಂದು ಕಡೆ ಇಟ್ಟುಕೊಳ್ಳಿ. ಪೇಡೆ ಗೆಜೆಟ್ ಬಂದ ಮೇಲೆ.

ಪ್ರಶ್ನೆ: ಅಕ್ಕಾ, ಮದುವೆಯಾಗಿ ಬಂದಾಗಿನಿಂದ ಡೊಂಬಿವಲಿಯಲ್ಲೇ ಇದ್ದೇನೆ. ಮರಾಠಿ ಮಾತಾಡುತ್ತೇನೆ, ಬರೆಯಲು ಬರುವುದಿಲ್ಲ. ಆಮದಾರರಿಗೆ ಕನ್ನಡದಲ್ಲಿ ಬರೆದರೆ ನಡೆಯುತ್ತದಾ? ಹೊರಗಿನವರು ಎಂದು ಬದಿಗಿಡುವುದಿಲ್ಲವಾ?
— ಗೃಹಿಣಿ, ಡೊಂಬಿವಲಿ

ಉತ್ತರ: ದೂರಿನ ಅರ್ಜಿಯನ್ನು ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಅಧಿಕಾರಿಗೆ ಕೊಡಬಹುದು ಎಂದು ಸಂವಿಧಾನದ 350ನೇ ವಿಧಿ ಹೇಳುತ್ತದೆ. ಹಕ್ಕಿನ ಮಾತು ಅದು. ಆದರೆ ನಿಮಗೆ ಬೇಕಾದದ್ದು ಕೆಲಸ ಆಗುವುದು. ಆಮದಾರರ ಪಿಎ ಓದಬಲ್ಲ ಭಾಷೆಯಲ್ಲಿ ಕೊಡಿ, ಮರಾಠಿಯಲ್ಲಿ. ಹೊರಗಿನವರು ಎಂದು ಯಾರಾದರೂ ಅಂದರೆ ಮತದಾರರ ಪಟ್ಟಿಯ ನಿಮ್ಮ ಸಾಲು ತೋರಿಸಿ. ಆಮದಾರರಿಗೆ ಅದಕ್ಕಿಂತ ಜಾಸ್ತಿ ಅರ್ಥವಾಗುವ ಗುರುತು ಇಲ್ಲ. ನೀವು ಪದವೀಧರೆಯಾಗಿದ್ದರೆ ಕೊಂಕಣ ಪದವೀಧರ ಕ್ಷೇತ್ರದ ಪರಿಷತ್ ಸದಸ್ಯರಿಗೂ ಒಂದು ಪ್ರತಿ ಕಳಿಸಿ. ಆ ಪಟ್ಟಿಗೆ ಪ್ರತಿ ಚುನಾವಣೆಗೂ ಹೊಸದಾಗಿ ಹೆಸರು ಹಾಕಿಸಬೇಕು, ನಮ್ಮ ಹೆಂಗಸರು ಹಾಕಿಸುವುದೇ ಇಲ್ಲ.

ಕನ್ನಡದಲ್ಲಿ ಮೊದಲು ನೀವೇ ಬರೆಯಿರಿ, ಮನೆಯಲ್ಲಿ ಮರಾಠಿ ಶಾಲೆಗೆ ಹೋದ ಮಕ್ಕಳಿದ್ದರೆ ಅವರಿಂದ ಮರಾಠಿಗೆ ಮಾಡಿಸಿ. ಸಹಿ ಕನ್ನಡದಲ್ಲೇ ಹಾಕಿ, ತೊಂದರೆ ಇಲ್ಲ. ಹಾಕುವ ಮುಂಚೆ ಮಾತ್ರ ಅವರು ಬರೆದದ್ದನ್ನು ಒಮ್ಮೆ ಜೋರಾಗಿ ಓದಿಸಿ ಕೇಳಿ.