ಎನ್‌ಬಿಎ ತಂಡಗಳಿಗೆ ನಾನೇ ರೇಟಿಂಗ್ ಮಾಡಿ ಬೆಟ್ಟಿಂಗ್ ಮಾಡಬಹುದಾ? ಎಲ್ಲಿಂದ ಶುರು ಮಾಡಲಿ?

ನಿಮ್ಮ ಪ್ರಶ್ನೆಯಲ್ಲಿ ಎರಡು ಸಂಗತಿ ಇವೆ. ಎಕ್ಸೆಲ್ ಗೊತ್ತು, ಎನ್‌ಬಿಎಯ, ಅಂದರೆ ಅಮೆರಿಕದ ಬಾಸ್ಕೆಟ್‌ಬಾಲ್ ಲೀಗಿನ, 30 ತಂಡಗಳಿಗೂ ಸ್ವಂತ ರೇಟಿಂಗ್ ಮಾಡಬೇಕು, ಅದನ್ನು ನೋಡಿ ಬೆಟ್ಟಿಂಗ್ ಮಾಡಬೇಕು ಅಂದಿದ್ದೀರಿ. ಹಳೆ ಸೀಸನ್ನಿನ ಅಂಕಿ ಹೊಸ ಸೀಸನ್ನಿಗೆ ಬರುತ್ತದಾ ಅಂತಲೂ ಕೇಳಿದ್ದೀರಿ. ರೇಟಿಂಗ್ ಮಾಡುವುದು ಒಂದು ಭಾನುವಾರದ ಕೆಲಸ. ಅದರಿಂದ ದುಡ್ಡು ಮಾಡುವುದು ಬೇರೆಯೇ ಕಥೆ.

ಮೊದಲು ಕಾನೂನಿನ ಮಾತು ಮುಗಿಸಿಬಿಡುತ್ತೇನೆ. 2025ರ ಆಗಸ್ಟ್‌ನಲ್ಲಿ ಸಂಸತ್ತು ಪಾಸು ಮಾಡಿದ ಆನ್‌ಲೈನ್ ಗೇಮಿಂಗ್ ಕಾಯ್ದೆ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿದೆ. ಬೆಟ್ಟಿಂಗ್ ಅದರೊಳಗೇ ಬಂತು. ಕೇಂದ್ರದ ಕಾಯ್ದೆ, ಹಾಗಾಗಿ ಕೇರಳದಿಂದ ತಲಪಾಡಿ ಗಡಿ ದಾಟಿ ಮಂಗಳೂರಿಗೆ ಹೋದರೂ ಅಷ್ಟೇ. ನಾನು ಕುಂಬಳೆಯಲ್ಲಿ ಕೂತು ಆಡುವುದೆಲ್ಲ ಶೀಟಿನ ಮೇಲಿನ ಆಟ, ರೂಪಾಯಿ ಇಲ್ಲ. ಮುಂದೆ ಹೇಳುವುದನ್ನೂ ಹಾಗೇ ಓದಿಕೊಳ್ಳಿ.

ರೇಟಿಂಗ್ ಅಂದರೆ ಸರಾಸರಿ ತಂಡಕ್ಕಿಂತ ಎಷ್ಟು ಪಾಯಿಂಟ್ ಮೇಲೆ ಅಥವಾ ಕೆಳಗೆ ಅನ್ನುವ ಅಂಕಿ. ಅದಕ್ಕೆ ಗೆಲುವು ಸೋಲು ಎಣಿಸಬೇಡಿ, ಎಷ್ಟು ಪಾಯಿಂಟ್ ಅಂತರ ಅಂತ ನೋಡಿ. 2022-23ರಲ್ಲಿ ಮಯಾಮಿ ಹೀಟ್ 44 ಗೆದ್ದು 38 ಸೋತಿತ್ತು. ಕೇಳಲಿಕ್ಕೆ ಚೆನ್ನಾಗಿದೆ. ಆದರೆ ಸರಾಸರಿ ಹೊಡೆದದ್ದು 109.5, ಬಿಟ್ಟುಕೊಟ್ಟದ್ದು 109.8. ಗೆದ್ದಾಗ ಕೂದಲೆಳೆಯಲ್ಲಿ ಗೆದ್ದಿದ್ದರು. ಅದೇ ತಂಡ ಫೈನಲ್‌ಗೆ ಹೋಯಿತಲ್ಲ ಅನ್ನುತ್ತೀರಿ. ಹೌದು, ಹೋಯಿತು, ಡೆನ್ವರ್ ಕೈಯಲ್ಲಿ 4-1 ಸೋತಿತು. ಅಂಥದ್ದು ಅಪರೂಪ. ಸಾಮಾನ್ಯವಾಗಿ ಮುಂದಿನ ಆಟವನ್ನು ಊಹಿಸಲು ಅಂತರವೇ ಗೆಲುವಿನ ಲೆಕ್ಕಕ್ಕಿಂತ ಒಳ್ಳೆಯದು. 2024-25ರ ಒಕ್ಲಹೋಮಾ ಸಿಟಿಯ ಸರಾಸರಿ ಅಂತರ ಸುಮಾರು 13 ಪಾಯಿಂಟ್, ಎನ್‌ಬಿಎ ದಾಖಲೆ. ಚಾಂಪಿಯನ್ ಆದದ್ದೂ ಅವರೇ.

ಕೆಲವು ತಂಡ ಓಡಿ ಆಡುತ್ತವೆ, ಕೆಲವು ನಿಧಾನ. ಅದಕ್ಕೆ ಪಾಯಿಂಟನ್ನು 100 ಪೊಸೆಷನ್‌ಗೆ, ಅಂದರೆ ಚೆಂಡು ತಂಡದ ಕೈಗೆ ಬಂದ 100 ಸರದಿಗೆ, ಇಳಿಸಬೇಕು. ಸೂತ್ರ ಸುಲಭ: ಪ್ರಯತ್ನಿಸಿದ ಶಾಟ್‌ಗಳು (ಬಿದ್ದದ್ದೂ ತಪ್ಪಿದ್ದೂ), ಜೊತೆಗೆ ಫ್ರೀ ಥ್ರೋ ಪ್ರಯತ್ನಗಳ 0.44 ಪಾಲು, ಅದರಿಂದ ಆಫೆನ್ಸಿವ್ ರೀಬೌಂಡ್ (ತಮ್ಮದೇ ತಪ್ಪಿದ ಶಾಟನ್ನು ಮತ್ತೆ ಹಿಡಿದದ್ದು) ಕಳೆದು ಟರ್ನೋವರ್ (ಶಾಟ್ ಇಲ್ಲದೆ ಚೆಂಡು ಕಳೆದುಕೊಂಡದ್ದು) ಕೂಡಿಸಿ. 88 ಶಾಟ್, 22 ಫ್ರೀ ಥ್ರೋ, 10 ರೀಬೌಂಡ್, 13 ಟರ್ನೋವರ್ ಇದ್ದರೆ ಸುಮಾರು 100.7 ಪೊಸೆಷನ್. ಆ ತಂಡ 113 ಹೊಡೆದಿದ್ದರೆ ನೂರಕ್ಕೆ 112.2. ಎದುರಾಳಿಯದ್ದೂ ಹೀಗೇ ಮಾಡಿ ಕಳೆಯಿರಿ. ಒಂದು ಆಟದಲ್ಲಿ ಹೆಚ್ಚುಕಡಿಮೆ 100 ಪೊಸೆಷನ್ ಇರುವುದರಿಂದ ಬಂದ ಅಂಕಿಯನ್ನು ಪಾಯಿಂಟ್ ಅಂತಲೇ ಓದಬಹುದು.

ಇನ್ನು ನಿಜವಾದ ಕೆಲಸ, ಎದುರಾಳಿ ಯಾರು ಅನ್ನುವ ಲೆಕ್ಕ. ಒಂದು ತಂಡದ ಅಂತರ +3, ಆದರೆ ಆಡಿದ್ದೆಲ್ಲ ಸರಾಸರಿ -2 ರೇಟಿಂಗಿನ ತಂಡಗಳ ಜೊತೆ. ಅದರ ನಿಜವಾದ ರೇಟಿಂಗ್ +1. ಇನ್ನೊಂದರ ಅಂತರ +1 ಮಾತ್ರ, ಆದರೆ ಎದುರಾಳಿಗಳು ಸರಾಸರಿ +2. ಅದರದ್ದು +3. ನೋಡಿ, ಜಾಗವೇ ಅದಲುಬದಲಾಯಿತು. ತೊಡಕು ಏನೆಂದರೆ ಎದುರಾಳಿಯ ರೇಟಿಂಗ್ ಬದಲಾದರೆ ಇವರದ್ದೂ ಬದಲಾಗಬೇಕು, ಇವರದ್ದು ಬದಲಾದರೆ ಅವರದ್ದೂ. ಎಕ್ಸೆಲ್‌ನಲ್ಲಿ ನೇರ ಫಾರ್ಮುಲಾ ಹಾಕಿದರೆ ಸುತ್ತಿಕೊಂಡು ಎರರ್ ಕೊಡುತ್ತದೆ. ನಾನು ಒಂದು ಕಾಲಮ್‌ನಲ್ಲಿ ಹಳೆ ರೇಟಿಂಗ್, ಪಕ್ಕದಲ್ಲಿ ಹೊಸದು ಇಡುತ್ತೇನೆ. ಹೊಸದನ್ನು ಕಾಪಿ ಮಾಡಿ ಹಳೆಯದರ ಮೇಲೆ ಬರೀ ಅಂಕಿಯಾಗಿ ಪೇಸ್ಟ್ ಮಾಡುತ್ತಾ ಹೋದರೆ ಸ್ವಲ್ಪ ಹೊತ್ತಿಗೆ ಅಂಕಿಗಳು ಅಲುಗಾಡುವುದನ್ನು ನಿಲ್ಲಿಸುತ್ತವೆ. ಪ್ರತಿ ಸುತ್ತಿನಲ್ಲೂ 30 ತಂಡಗಳ ಮೊತ್ತ ಸೊನ್ನೆ ಇದೆಯಾ ಅಂತ ನೋಡಿಕೊಳ್ಳಿ. ಎದುರಾಳಿಯ ಈ ಲೆಕ್ಕ ಸೀಸನ್ನಿನ ಶುರುವಿನಲ್ಲಿ, ನವೆಂಬರ್‌ನಲ್ಲಿ, ತುಂಬಾ ಮುಖ್ಯ. ಏಪ್ರಿಲ್ ಹೊತ್ತಿಗೆ 82 ಆಟ ಆಗಿ ಸಮ ಆಗುತ್ತದೆ ಅಂದುಕೊಳ್ಳಬೇಡಿ. ಲೀಗಿನಲ್ಲಿ ಈಸ್ಟ್, ವೆಸ್ಟ್ ಅಂತ ಎರಡು ಕಾನ್ಫರೆನ್ಸ್, 82ರಲ್ಲಿ 52 ಆಟ ತಮ್ಮ ಕಾನ್ಫರೆನ್ಸ್ ಒಳಗೇ. ವೆಸ್ಟ್ ಬಲವಾಗಿದ್ದ ವರ್ಷ ಅಲ್ಲಿನವರಿಗೆ ಅನ್ಯಾಯ ಆಗಿಯೇ ಆಗುತ್ತದೆ.

ಹೋಂ ಕೋರ್ಟ್‌ಗೆ, ಅಂದರೆ ಸ್ವಂತ ಊರಲ್ಲಿ ಆಡುವ ಲಾಭಕ್ಕೆ, ಎರಡು, ಎರಡೂವರೆ ಪಾಯಿಂಟ್ ಸಾಕು. ಹಿಂದೆ ಜಾಸ್ತಿ ಇತ್ತು, ಈಗ ಕಡಿಮೆಯಾಗಿದೆ. ಡೆನ್ವರ್‌ಗೆ ಚೂರು ಹೆಚ್ಚು ಕೊಡಬಹುದು, ಸಮುದ್ರ ಮಟ್ಟದಿಂದ 1,600 ಮೀಟರ್ ಮೇಲಿದೆ.

ಈಗ ಒಂದು ಆಟ ತೆಗೆದುಕೊಳ್ಳೋಣ. +6 ರೇಟಿಂಗಿನ ತಂಡ -1 ರೇಟಿಂಗಿನ ತಂಡದ ಊರಿಗೆ ಹೋಗುತ್ತದೆ. ವ್ಯತ್ಯಾಸ 7, ಅದರಲ್ಲಿ ಎರಡೂವರೆ ಕಳೆದರೆ ನಾಲ್ಕೂವರೆ. ಬುಕ್ಕಿಯ ಲೈನ್, ಅಂದರೆ ಅವನು ಇಟ್ಟ ಗೆಲುವಿನ ಅಂತರ, 8 ಅನ್ನುತ್ತದೆ. ಹೊಸಬರು ಇಲ್ಲಿ ಕುಣಿಯುತ್ತಾರೆ, ಮೂರೂವರೆ ಪಾಯಿಂಟ್ ಸಿಕ್ಕಿತು ಅಂತ. ಮಾರಾಯ್ರೇ, ಸಿಕ್ಕಿದ್ದಲ್ಲ. ಲೈನ್‌ಗೆ ಗೊತ್ತಿರುವುದು ಯಾವುದೋ ನಿಮಗೆ ಗೊತ್ತಿಲ್ಲ ಅಂತ ಅರ್ಥ. ಮೊದಲು ಇಂಜುರಿ ರಿಪೋರ್ಟ್ ತೆಗೆಯಿರಿ. ತಂಡಗಳು ಸಾಮಾನ್ಯವಾಗಿ ಹಿಂದಿನ ದಿನ ಅಲ್ಲಿನ ಸಂಜೆ 5ಕ್ಕೆ ಅದನ್ನು ಕೊಡಬೇಕು, ಆಮೇಲೂ ಅದು ಬದಲಾಗುತ್ತಲೇ ಇರುತ್ತದೆ. ಚಳಿಗಾಲದಲ್ಲಿ ನ್ಯೂಯಾರ್ಕ್‌ನ ಏಳೂವರೆ ಅಂದರೆ ನಮಗೆ ಬೆಳಿಗ್ಗೆ 6. ಇಲ್ಲಿ ರಬ್ಬರ್ ಟ್ಯಾಪಿಂಗ್‌ಗೆ ಹೊರಡುವ ಹೊತ್ತಿಗೆ ಅಲ್ಲಿ ಆಟ ಶುರು. ನೀವು ಮಲಗಿದ್ದಾಗ ಯಾರೋ ಸ್ಟಾರ್ ಆಡುವುದಿಲ್ಲ ಅಂತ ಬಂದಿರುತ್ತದೆ, ಲೈನ್ ಆಗಲೇ ಜರುಗಿರುತ್ತದೆ. ನಿಕೋಲಾ ಯೋಕಿಚ್ ಇಲ್ಲದ ಡೆನ್ವರ್ ಬೇರೆಯೇ ತಂಡ. 2025ರ ಫೆಬ್ರವರಿ ಆರಂಭದಲ್ಲಿ ಲೂಕಾ ಡಾನ್ಸಿಚ್ ಡಲ್ಲಾಸ್ ಬಿಟ್ಟು ಲೇಕರ್ಸ್‌ಗೆ ಹೋದಾಗ ಎರಡೂ ತಂಡಗಳ ಅಲ್ಲಿವರೆಗಿನ ರೇಟಿಂಗ್ ಅರ್ಧ ಕಸವಾಯಿತು. ಹಾಗಾಗಿ ತಂಡದ ರೇಟಿಂಗ್ ಪಕ್ಕದಲ್ಲಿ ಮುಖ್ಯ ಆಟಗಾರರಿಗೆ ತಲಾ ಎಷ್ಟು ಪಾಯಿಂಟ್ ಅಂತ ಒಂದು ಪಟ್ಟಿ ಇರಲೇಬೇಕು. ನನ್ನ ಶೀಟಿನಲ್ಲಿ ಜಾಸ್ತಿ ತಲೆಬಿಸಿ ಕೊಡುವುದು ಇದೇ ಪಟ್ಟಿ.

ನಮ್ಮ ಕಡೆ ಕೋಳಿ ಅಂಕಕ್ಕೆ ಹೋಗುವ ಮೊದಲು ಇವತ್ತು ಯಾವ ಬಣ್ಣದ ಕೋಳಿ ಗೆಲ್ಲುತ್ತದೆ ಅಂತ ಕುಕ್ಕುಟ ಪಂಚಾಂಗ ನೋಡುವವರಿದ್ದಾರೆ ಅಲ್ವಾ? ಟೆಲಿಗ್ರಾಮ್‌ನ ಪಕ್ಕಾ ಟಿಪ್ ಗುಂಪುಗಳೂ ಅದೇ ಜಾತಿ. ಪಂಚಾಂಗದಲ್ಲಿ ಕನಿಷ್ಠ ಒಂದು ಲೆಕ್ಕವಾದರೂ ಇದೆ.

ದುಡ್ಡಿನ ಲೆಕ್ಕ ಹೇಳುತ್ತೇನೆ. ಸ್ಪ್ರೆಡ್ ಬೆಟ್‌ಗೆ, ಅಂದರೆ ಆ ಲೈನಿನ ಅಂತರದ ಮೇಲೆ ಕಟ್ಟುವ ಬೆಟ್‌ಗೆ, ಸಾಮಾನ್ಯವಾಗಿ 1.91 ಆಡ್ಸ್. ಅಂದರೆ 100 ಗೆಲ್ಲಲು 110 ಇಡಬೇಕು. ನಷ್ಟ ಆಗದಿರಲಿಕ್ಕೇ 52.4 ಶೇಕಡಾ ಸರಿ ಹೇಳಬೇಕು. ಒಂದು ಆಟದ ಫಲಿತಾಂಶ ಲೈನಿನಿಂದ 12 ಪಾಯಿಂಟ್ ಆಚೀಚೆ ಹೋಗುವುದು ಮಾಮೂಲು. ಆ ಲೆಕ್ಕದಲ್ಲಿ ಲೈನಿಗಿಂತ ನಿಜವಾಗಿ ಒಂದು ಪಾಯಿಂಟ್ ಉತ್ತಮ ಇದ್ದರೂ ನೀವು ಸರಿಯಾಗುವುದು ಸುಮಾರು 53 ಶೇಕಡಾ. ಅಷ್ಟಕ್ಕೆ ಹೊಟ್ಟೆ ತುಂಬುವುದಿಲ್ಲ, ಒಂದು ಸೀಸನ್ನಿನಲ್ಲಿ ಅದು ಕಣ್ಣಿಗೆ ಕಾಣುವುದೂ ಇಲ್ಲ. ಆದ್ದರಿಂದ ಗೆದ್ದಿರಾ ಸೋತಿರಾ ಅಂತ ಬರೆದಿಡುವುದು ಸುಮ್ನೆ. ನಿಮ್ಮ ಅಂಕಿ, ಆ ಹೊತ್ತಿನ ಲೈನ್, ಆಟ ಶುರುವಾಗುವ ಕ್ಷಣದ ಲೈನ್, ಈ ಮೂರನ್ನು ಬರೆಯಿರಿ. ಕೊನೆಯ ಲೈನ್ ಮತ್ತೆ ಮತ್ತೆ ನಿಮ್ಮ ಅಂಕಿಯ ಕಡೆಗೆ ಬಂದರೆ ರೇಟಿಂಗಿನಲ್ಲಿ ಸರಕಿದೆ.

ಹಳೆ ಸೀಸನ್ ಬಗ್ಗೆ: ಬರುತ್ತದೆ, ಆದರೆ ಕತ್ತರಿಸಿ ತೆಗೆದುಕೊಳ್ಳಿ. ಕಳೆದ ವರ್ಷದ ಕೊನೆಯ ರೇಟಿಂಗಿನ ಮೂರನೇ ಎರಡರಷ್ಟು ಇಟ್ಟು ಅಕ್ಟೋಬರ್‌ನಲ್ಲಿ ಶುರು ಮಾಡುತ್ತೇನೆ. +9 ಇದ್ದವರು +6. ಬೇಸಿಗೆಯಲ್ಲಿ ಆಟಗಾರರು ಅತ್ತಿತ್ತ ಹೋದದ್ದನ್ನು ಪಟ್ಟಿ ನೋಡಿ ಸರಿಮಾಡುತ್ತೇನೆ. ಆಮೇಲೆ ಪ್ರತಿ ಆಟ ಆದ ಮೇಲೆ ನಾನು ಹೇಳಿದ ಅಂತರಕ್ಕೂ ನಿಜವಾದ ಅಂತರಕ್ಕೂ ಇರುವ ವ್ಯತ್ಯಾಸದ ಇಪ್ಪತ್ತರಲ್ಲಿ ಒಂದು ಪಾಲು ಸೇರಿಸುತ್ತೇನೆ, ಎದುರಾಳಿಯಿಂದ ಅಷ್ಟೇ ಕಳೆಯುತ್ತೇನೆ. ನಾಲ್ಕೂವರೆ ಅಂದಲ್ಲಿ 20ರಿಂದ ಗೆದ್ದರೆ ಸುಮಾರು 0.8 ಮೇಲೆ. ಕ್ರಿಸ್‌ಮಸ್ ದಾಟಿದ ಮೇಲೆ ಆ ವರ್ಷದ ಆಟಗಳ ಮೇಲೇ ಲೆಕ್ಕ ಹಾಕಬಹುದು, ಹಳೆಯದು ಬೇಕಾಗುವುದಿಲ್ಲ.