ಡಬ್ಲಿನ್‌ನಲ್ಲಿ 8 ಗಂಟೆ ಲೇಓವರ್ ಇದ್ದರೆ ಹೋತ್ ಕ್ಲಿಫ್ ವಾಕ್ ಮಾಡಿ ಬರಬಹುದಾ?

ನೀವು ಕೇಳಿದ್ದು ಇಷ್ಟು: ಅಮೆರಿಕಕ್ಕೆ ಹೋಗುವ ದಾರಿಯಲ್ಲಿ ಡಬ್ಲಿನ್ ಏರ್‌ಪೋರ್ಟ್‌ನಲ್ಲಿ ಬೆಳಗ್ಗೆ 8ರಿಂದ ಸಂಜೆ 4ರ ತನಕ ಕಾಯಬೇಕು. ಸಿಟಿ ಸುತ್ತುವ ಆಸೆ ಇಲ್ಲ. ಹತ್ತಿರದಲ್ಲೇ ಇರುವ ಹೋತ್‌ಗೆ ಹೋಗಿ, ಕಡಲಂಚಿನ ಬಂಡೆಗಳ ಮೇಲೆ ಸ್ವಲ್ಪ ನಡೆದು ವಾಪಸ್ ಬರಲು ಆಗುತ್ತದಾ ಅಂತ.

ಆಗುತ್ತದೆ. ಆದರೆ ಪೂರ್ತಿ ಸುತ್ತು ಹಾಕಲು ಹೋಗಬೇಡಿ. ಹೋದ ದಾರಿಯಲ್ಲೇ ತಿರುಗಿ ಬನ್ನಿ. ಯಾಕೆ ಅಂತ ಆಮೇಲೆ ಹೇಳುತ್ತೇನೆ, ಅದಕ್ಕೊಂದು ಕಥೆಯೇ ಇದೆ.

ಮೊದಲು ವೀಸಾ ವಿಷಯ ಮುಗಿಸಿಬಿಡೋಣ. ನಿಮ್ಮದು ಭಾರತದ ಪಾಸ್‌ಪೋರ್ಟ್ ಆದರೆ ಏರ್‌ಪೋರ್ಟ್‌ನಿಂದ ಹೊರಗೆ ಬರಲು ಐರ್ಲೆಂಡ್ ವೀಸಾ ಬೇಕು. ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಷೆಂಗೆನ್ ಗುಂಪಿನಲ್ಲಿ ಐರ್ಲೆಂಡ್ ಇಲ್ಲ, ಹಾಗಾಗಿ ಷೆಂಗೆನ್ ವೀಸಾ ನಡೆಯುವುದಿಲ್ಲ. ಅಮೆರಿಕದ ವೀಸಾ ತೋರಿಸಿದರೂ ಹೊರಗೆ ಬಿಡುವುದಿಲ್ಲ. ವೀಸಾ ಇಲ್ಲದಿದ್ದರೆ ಇಲ್ಲಿಗೇ ಓದುವುದು ನಿಲ್ಲಿಸಿ, ಒಳಗೇ ಒಂದು ಒಳ್ಳೆ ಕುರ್ಚಿ ಹುಡುಕಿಕೊಳ್ಳಿ.

ವೀಸಾ ಇದೆ ಅಂದುಕೊಳ್ಳುತ್ತೇನೆ. ನಾನು ಡಬ್ಲಿನ್‌ನಲ್ಲಿ ಮೂರು ವರ್ಷ ಇದ್ದೆ. ಊರಿಂದ ಬಂದವರನ್ನೆಲ್ಲ ಮೊದಲು ಕರೆದುಕೊಂಡು ಹೋಗುತ್ತಿದ್ದದ್ದು ಇದೇ ಹೋತ್‌ಗೆ. ಹೆಸರು ಕೇಳಿ ಪ್ರತಿಯೊಬ್ಬರೂ ನಗುತ್ತಿದ್ದರು. ನಮ್ಮಲ್ಲಿ ಹೋತ ಅಂದರೆ ಗಂಡು ಮೇಕೆ ಅಲ್ವಾ! ಹೆಸರು ಬಂದಿರುವುದು ಹಳೆಯ ನಾರ್ಸ್ ಭಾಷೆಯ 'ತಲೆ' ಅನ್ನುವ ಪದದಿಂದ, ಸಮುದ್ರಕ್ಕೆ ತಲೆ ಚಾಚಿದ ಗುಡ್ಡ ಅದು. ಆದರೆ ತಮಾಷೆ ಏನೆಂದರೆ, 2021ರಲ್ಲಿ ಆ ಗುಡ್ಡಕ್ಕೆ ನಿಜವಾಗಿಯೂ ಮೇಕೆಗಳನ್ನು ತಂದು ಬಿಟ್ಟಿದ್ದಾರೆ. ಹಳೇ ಐರಿಷ್ ತಳಿಯ ಮೇಕೆಗಳು. ಗಾರ್ಸ್ ಅನ್ನುವ ಮುಳ್ಳುಪೊದೆ ಗುಡ್ಡದ ತುಂಬ ಬೆಳೆದು ಬೇಸಿಗೆಯಲ್ಲಿ ಬೆಂಕಿ ಹತ್ತಿಕೊಳ್ಳುತ್ತದೆ, ಅದನ್ನು ಮೇಯಲಿ ಅಂತ. ಬೇಲಿ ಇಲ್ಲ. ಕೊರಳಲ್ಲಿ ಜಿಪಿಎಸ್ ಪಟ್ಟಿ ಕಟ್ಟಿದ್ದಾರೆ, ಗಡಿ ದಾಟಲು ಹೋದರೆ ಅದು ಸದ್ದು ಮಾಡಿ ಎಚ್ಚರಿಸುತ್ತದೆ. ಹೋತ್‌ನಲ್ಲಿ ಹೋತ. ನನ್ನ ಅತ್ತೆ ಇವತ್ತಿಗೂ ಇದನ್ನು ಹೇಳಿಕೊಂಡು ನಗುತ್ತಾರೆ.

ಸರಿ, ದಾರಿ. ಡಬ್ಲಿನ್ ಏರ್‌ಪೋರ್ಟ್‌ಗೆ ರೈಲು ಇಲ್ಲ. ಎಲ್ಲರೂ ಬಸ್ಸಲ್ಲಿ ಸಿಟಿಗೆ ಹೋಗಿ, ಅಲ್ಲಿಂದ ಡಾರ್ಟ್ ರೈಲು ಹತ್ತಿ ಅಂತ ಹೇಳುತ್ತಾರೆ. ಅದು ಸುಮ್ನೆ ಸುತ್ತು. ಏರ್‌ಪೋರ್ಟ್‌ನಿಂದಲೇ 102 ನಂಬರಿನ ಬಸ್ಸು ಸ್ವೋರ್ಡ್ಸ್, ಮಾಲಹೈಡ್, ಪೋರ್ಟ್‌ಮಾರ್ನಕ್ ಮೇಲೆ ಸಟನ್ ಸ್ಟೇಷನ್‌ಗೆ ಹೋಗುತ್ತದೆ. ಸಟನ್‌ನಿಂದ ಹೋತ್‌ಗೆ ಡಾರ್ಟ್‌ನಲ್ಲಿ ಒಂದೇ ಸ್ಟಾಪ್. ಬಸ್ಸು ಊರೂರು ಸುತ್ತಿಕೊಂಡು ಹೋಗುವುದರಿಂದ ಒಂದು ಗಂಟೆ ಇಟ್ಟುಕೊಳ್ಳಿ. ಆದರೆ ಕಿಟಕಿ ಪಕ್ಕ ಕೂತರೆ ಬೇಜಾರಾಗುವುದಿಲ್ಲ, ಪೋರ್ಟ್‌ಮಾರ್ನಕ್ ದಾಟುವಾಗ ಕಡಲು ಕಾಣುತ್ತದೆ. ಟ್ಯಾಕ್ಸಿ ಆದರೆ ಅರ್ಧ ಗಂಟೆ ಸಾಕು. ಅಕಸ್ಮಾತ್ ಸಿಟಿಯಿಂದ ಬರುವುದಾದರೆ ರೈಲಿನ ಬೋರ್ಡ್ ನೋಡಿ ಹತ್ತಿ. ಹೋತ್ ಜಂಕ್ಷನ್ ಹತ್ತಿರ ಲೈನ್ ಎರಡಾಗುತ್ತದೆ, ಮಾಲಹೈಡ್ ರೈಲು ಹತ್ತಿದರೆ ಬೇರೆ ಕಡೆ ಹೋಗುತ್ತೀರಿ.

ಬ್ಯಾಗ್ ಬಗ್ಗೆ ಒಂದು ಮಾತು. ಬೆನ್ನಿಗೆ ಹಾಕುವ ಬ್ಯಾಗ್ ಆದರೆ ತೊಂದರೆ ಇಲ್ಲ. ಗಾಲಿ ಇರುವ ಟ್ರಾಲಿ ಆದರೆ ದಯವಿಟ್ಟು ಬೇಡ. ಒಬ್ಬ ಹುಡುಗ ಅದನ್ನು ಎಳೆದುಕೊಂಡು ಬರುವುದನ್ನು ನಾನೇ ನೋಡಿದ್ದೇನೆ. ಕಲ್ಲು, ಕೆಸರು, ಇಬ್ಬರು ಎದುರಾದರೆ ಒಬ್ಬರು ಪೊದೆಗೆ ಒರಗಿ ನಿಲ್ಲಬೇಕಾದ ದಾರಿ. ಐದು ನಿಮಿಷದಲ್ಲಿ ಅವನು ಅದನ್ನು ತಲೆ ಮೇಲೆ ಹೊತ್ತುಕೊಂಡಿದ್ದ.

ಹೋತ್ ಸ್ಟೇಷನ್‌ನಿಂದ ಹೊರಗೆ ಬಂದು ಎಡಕ್ಕೆ ತಿರುಗಿ. ಬಂದರನ್ನು ಎಡಗಡೆ ಇಟ್ಟುಕೊಂಡು ಪೂರ್ವದ ಕಟ್ಟೆಯ ತನಕ ನಡೆಯಿರಿ. ನೀರಲ್ಲಿ ಕಪ್ಪಗೆ, ದುಂಡಗೆ ಏನಾದರೂ ತೇಲುತ್ತಿದ್ದರೆ ಅದು ಬೋಯ್ ಅನ್ನುವ ತೇಲುಗುಂಡು ಅಲ್ಲ, ಸೀಲ್‌ನ ತಲೆ. ಮೀನಿನ ದೋಣಿ ಬಂದ ಕಡೆ ಅವು ಹಾಜರ್. ಅಲ್ಲಿಂದ ಬಲಕ್ಕೆ ಏರುವುದೇ ಬಾಲ್ಸ್‌ಕ್ಯಾಡನ್ ರಸ್ತೆ. ಕವಿ ಡಬ್ಲ್ಯೂ.ಬಿ. ಯೇಟ್ಸ್ ಹುಡುಗನಾಗಿದ್ದಾಗ, 1880ರ ದಶಕದ ಶುರುವಿನಲ್ಲಿ, ಈ ರಸ್ತೆಯ ಒಂದು ಮನೆಯಲ್ಲಿದ್ದ. ಗೋಡೆ ಮೇಲೆ ಫಲಕ ಇದೆ. ರಸ್ತೆ ಮುಗಿದಲ್ಲಿ ಸಣ್ಣ ಕಾರ್ ಪಾರ್ಕ್, ಅಲ್ಲಿಂದ ಕಾಲುದಾರಿ ಶುರು. ಸ್ಟೇಷನ್‌ನಿಂದ ಇಲ್ಲಿಗೆ 25 ನಿಮಿಷ ಅಂತ ಲೆಕ್ಕ ಹಾಕಿ.

ಇನ್ನು ಹತ್ತು ನಿಮಿಷ ನಡೆದರೆ ಹೋತ್‌ನ ಮೂಗು. ಹೌದು, ಹೆಸರೇ ಹಾಗೆ, ನೋಸ್ ಆಫ್ ಹೋತ್. ನನ್ನ ಪ್ರಕಾರ ಇಡೀ ನಡಿಗೆಯಲ್ಲಿ ಇದೇ ಚೆನ್ನಾಗಿರುವ ಜಾಗ. ಹಿಂದೆ ತಿರುಗಿದರೆ ಐರ್ಲೆಂಡ್ಸ್ ಐ ಅನ್ನುವ ಪುಟ್ಟ ದ್ವೀಪ, ಅದರಾಚೆ ದೂರದಲ್ಲಿ ಲ್ಯಾಂಬೆ. ಮುಂದೆ ಬರೀ ಕಡಲು. ಕೆಳಗಿನ ಬಂಡೆಗಳಲ್ಲಿ ವಸಂತದಿಂದ ಬೇಸಿಗೆ ಮಧ್ಯದ ತನಕ ಕಿಟ್ಟಿವೇಕ್ ಹಕ್ಕಿಗಳು ಗೂಡು ಕಟ್ಟುತ್ತವೆ. ಅವು ತಮ್ಮ ಹೆಸರನ್ನೇ ಕೂಗುತ್ತವೆ, ಸಾವಿರ ಸಲ. ಜೊತೆಗೆ ಹಿಕ್ಕೆ ವಾಸನೆ, ಅದನ್ನು ಯಾವ ಫೋಟೋನೂ ಹೇಳುವುದಿಲ್ಲ. ಆದರೆ ಏಪ್ರಿಲ್-ಮೇನಲ್ಲಿ ಹೋದರೆ ಅದೇ ಗಾಳಿಯಲ್ಲಿ ಇನ್ನೊಂದು ವಾಸನೆ ಬರುತ್ತದೆ. ಮೊದಲ ಸಲ ನಾನು ನಿಂತು ಸುತ್ತ ನೋಡಿದ್ದೆ, ಯಾರಪ್ಪ ಇಲ್ಲಿ ತಲೆಗೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಬಂದಿದ್ದು ಅಂತ. ಯಾರೂ ಇರಲಿಲ್ಲ. ಗಾರ್ಸ್‌ನ ಹಳದಿ ಹೂವಿಗೆ ಕೊಬ್ಬರಿಯ ವಾಸನೆ! ಬಗ್ಗಿ ಮೂಸಿ, ಮುಳ್ಳು ಮಾತ್ರ ಜೋಪಾನ. ಆಗಸ್ಟ್‌ನಲ್ಲಾದರೆ ಹಳದಿ ಜೊತೆ ಹೆದರ್ ಗಿಡದ ನೇರಳೆಯೂ ಸೇರುತ್ತದೆ.

ನೀವು ಏರ್‌ಪೋರ್ಟ್‌ನಿಂದ ಬರುತ್ತಿರುವುದರಿಂದ ಇದನ್ನೂ ಹೇಳುತ್ತೇನೆ. ಮೂಗಿನ ಮೇಲೆ ನಿಂತು ವಾಯವ್ಯಕ್ಕೆ ನೋಡಿ. ಗಾಳಿ ಪಶ್ಚಿಮದಿಂದ ಬೀಸುವ ದಿನ ವಿಮಾನಗಳು ಕಡಲ ಮೇಲಿಂದ ಒಂದರ ಹಿಂದೆ ಒಂದು ಇಳಿಯುವುದು ಕಾಣುತ್ತದೆ, ಬಸ್ ಸ್ಟಾಪ್‌ನಲ್ಲಿ ಕ್ಯೂ ನಿಂತ ಹಾಗೆ. ನೋಡಲು ಚೆಂದ, ಜೊತೆಗೆ ಒಂದು ಸೂಚನೆ ಕೂಡ. ವಿಮಾನ ಗಾಳಿಗೆ ಎದುರಾಗಿ ಇಳಿಯುತ್ತದಲ್ವಾ, ಅಂದರೆ ಗಾಳಿ ನೆಲದಿಂದ ಕಡಲ ಕಡೆಗಿದೆ. ಈ ದಾರಿ ಗುಡ್ಡದ ಪೂರ್ವದ ಅಂಚಿನಲ್ಲಿದೆ, ಹಾಗಾಗಿ ಆ ಗಾಳಿ ನಿಮ್ಮನ್ನು ಅಂಚಿನ ಕಡೆಗೇ ತಳ್ಳುತ್ತದೆ. ಬಹುತೇಕ ಕಡೆ ಗುಡ್ಡ ಅಡ್ಡ ಇರುವುದರಿಂದ ಗೊತ್ತೇ ಆಗುವುದಿಲ್ಲ. ತಿರುವಿನಲ್ಲಿ, ಗುಡ್ಡ ತಗ್ಗಿದ ಕಡೆ ಇದ್ದಕ್ಕಿದ್ದ ಹಾಗೆ ನುಗ್ಗುತ್ತದೆ. ತಡೆಬೇಲಿ ಹೆಚ್ಚಿನ ಕಡೆ ಇಲ್ಲ. ಸೆಲ್ಫಿಗೆ ಅಂತ ಹುಲ್ಲಿನ ಮೇಲೆ ಇಳಿಯಬೇಡಿ, ಹುಲ್ಲಿನ ಕೆಳಗೆ ಮಣ್ಣು ಇದೆಯೋ ಬರೀ ಗಾಳಿ ಇದೆಯೋ ಮೇಲಿಂದ ಕಾಣುವುದಿಲ್ಲ. ಜೋರು ಗಾಳಿಯ ಎಚ್ಚರಿಕೆ ಇರುವ ದಿನ ಬಂದರಿನ ಕಟ್ಟೆಯ ಮೇಲೆ ಓಡಾಡಿ ವಾಪಸ್ ಹೋಗಿ. ಏನಾದರೂ ಆದರೆ 112ಕ್ಕೆ ಫೋನ್ ಮಾಡಿ ಕೋಸ್ಟ್ ಗಾರ್ಡ್ ಬೇಕು ಅನ್ನಿ.

ಈಗ ಆ ಕಥೆ. ಬಾಣಗಳಿರುವ ಸುತ್ತುದಾರಿಗಳು ಇಲ್ಲಿ ನಾಲ್ಕಿವೆ. ಚಿಕ್ಕದು ಹಸಿರು, 6 ಕಿಲೋಮೀಟರ್, ಎರಡು ಗಂಟೆ. ದೊಡ್ಡದು ನೇರಳೆ, ಹೆಚ್ಚೂ ಕಡಿಮೆ ಅದರ ಎರಡರಷ್ಟು. ಎರಡೂ ಮೊದಲ ಅರ್ಧ ಒಂದೇ ದಾರಿಯಲ್ಲಿ ಹೋಗುತ್ತವೆ. ಬೇಲಿ (Baily) ಅನ್ನುವ ಹೆಸರಿನ ಲೈಟ್‌ಹೌಸ್ ಕಾಣುವ ಕಡೆ ಹಸಿರು ಬಾಣ ಬಲಕ್ಕೆ ಗುಡ್ಡ ಹತ್ತುತ್ತದೆ, ನೇರಳೆ ಕಡಲಂಚಿನಲ್ಲೇ ಮುಂದೆ ಸಾಗುತ್ತದೆ. ನನ್ನ ಗೆಳೆಯನೊಬ್ಬ ನಿಮ್ಮ ಹಾಗೇ ಲೇಓವರ್‌ನಲ್ಲಿ ಬಂದಿದ್ದ. ಕಾಲೇಜಿನ ಹಳೇ ಕಥೆ ತೆಗೆದುಕೊಂಡು ನಡೆದೆವು ನೋಡಿ, ಆ ತಿರುವು ಯಾವಾಗ ದಾಟಿತೋ ಗೊತ್ತಾಗಲಿಲ್ಲ. ಲೈಟ್‌ಹೌಸ್ ನಮ್ಮ ಹಿಂದಕ್ಕೆ ಹೋಗಿ, ಎದುರಿಗೆ ಡಬ್ಲಿನ್ ಕೊಲ್ಲಿ ಪೂರ್ತಿ ಕಂಡಾಗ ಅವನು ಎಷ್ಟು ಚೆನ್ನಾಗಿದೆ ಅಂದ, ನನಗೆ ಬೆವರು ಬಂತು. ಎಲ್ಲೋ ಮೇಲಕ್ಕೆ ಒಂದು ಓಣಿ ಸಿಕ್ಕಿತು, ಹತ್ತಿ ರಸ್ತೆಗೆ ಬಂದು, ಟ್ಯಾಕ್ಸಿ ಬರುವ ತನಕ ಇಪ್ಪತ್ತು ನಿಮಿಷ ಇಬ್ಬರೂ ಮಾತಾಡಲಿಲ್ಲ. ಕೊನೆಗೆ ಅವನು ಗೇಟ್ ತಲುಪಿದ್ದು ಬೋರ್ಡಿಂಗ್ ಅರ್ಧ ಮುಗಿದ ಮೇಲೆ.

ಸುತ್ತುದಾರಿಯ ತೊಂದರೆ ಅದೇ. ಅರ್ಧ ದಾಟಿದ ಮೇಲೆ ಮುಂದೆ ಹೋದರೂ ಅಷ್ಟೇ, ಹಿಂದೆ ಬಂದರೂ ಅಷ್ಟೇ. ಅದಕ್ಕೇ ಮೂಗಿನ ತನಕ ಹೋಗಿ, ಸಮಯ ಇದ್ದರೆ ಇನ್ನೊಂದು ಇಪ್ಪತ್ತು ನಿಮಿಷ ಮುಂದೆ ನಡೆಯಿರಿ. ಎಲ್ಲಿ ಮುಟ್ಟಿದ್ದೀರಿ ಅನ್ನುವುದನ್ನು ಮರೆತು ಗಡಿಯಾರ ನೋಡಿ ತಿರುಗಿ. ಲೈಟ್‌ಹೌಸ್ ನೋಡಲೇಬೇಕು ಅಂತ ಹಟ ಇದ್ದರೆ ಇನ್ನೊಂದು ಉಪಾಯ ಇದೆ: ಎಚ್3 ಬಸ್ಸು ಗುಡ್ಡದ ಮೇಲಿನ ಸಮಿಟ್ ತನಕ ಹೋಗುತ್ತದೆ. ಅಲ್ಲಿಂದ ಸ್ವಲ್ಪ ನಡೆದರೆ ಕೆಳಗೆ ಬೇಲಿ ಲೈಟ್‌ಹೌಸ್ ಕಾಣುತ್ತದೆ. 1814ರ ಗೋಪುರ ಅದು. ಐರ್ಲೆಂಡ್‌ನಲ್ಲಿ ಕಾವಲುಗಾರರು ಕೊನೆಯ ತನಕ ಉಳಿದಿದ್ದ ಲೈಟ್‌ಹೌಸ್ ಇದೇ, 1997ರಲ್ಲಿ ಅವರೂ ಹೊರಟರು.

ನಿಮ್ಮ ಲೆಕ್ಕ ಹೀಗೆ ಬೀಳುತ್ತದೆ. 8ಕ್ಕೆ ಇಳಿದು 9ಕ್ಕೆ ಹೊರಗೆ, ಹತ್ತೂಕಾಲಿಗೆ ಹೋತ್. ಹನ್ನೊಂದೂಕಾಲಿಗೆ ಎಲ್ಲಿದ್ದರೂ ಹಿಂದಕ್ಕೆ ತಿರುಗಿ, ಹನ್ನೆರಡಕ್ಕೆಲ್ಲ ಬಂದರಿನಲ್ಲಿರಿ, ಹನ್ನೆರಡೂಕಾಲಿಗೆ ಹೊರಡಿ. ಜಾಸ್ತಿ ಬೇಗ ಆಯಿತು ಅನ್ನಿಸಬಹುದು. ಆದರೆ ಅಮೆರಿಕಕ್ಕೆ ಹೋಗುವವರಿಗೆ ಅಲ್ಲಿನ ಇಮಿಗ್ರೇಷನ್ ಡಬ್ಲಿನ್ ಏರ್‌ಪೋರ್ಟ್‌ನಲ್ಲೇ ನಡೆಯುತ್ತದೆ. ಸೆಕ್ಯುರಿಟಿ ಮುಗಿದ ಮೇಲೆ ಮತ್ತೊಂದು ಕ್ಯೂ, ಬೇಸಿಗೆಯಲ್ಲಿ ಅದು ಚಿಕ್ಕದಿರುವುದಿಲ್ಲ. ಡಿಸೆಂಬರ್ ಆದರೆ ಇನ್ನೂ ಒಂದು: ಬೆಳಗ್ಗೆ ಎಂಟೂವರೆ ಆದರೂ ಸೂರ್ಯ ಕಾಣುವುದಿಲ್ಲ, ದಾರಿ ಪಾಚಿಗಟ್ಟಿ ಜಾರುತ್ತದೆ. ಹಿಡಿತ ಇರುವ ಶೂ ಹಾಕಿ.

ಹೊರಡುವ ಮೊದಲು ಬಂದರಿನಲ್ಲಿ ಬಿಸಿ ಚಿಪ್ಸ್ ತಗೊಳ್ಳಿ. ಮೀನು ತಿನ್ನುವವರಿಗೆ ಹಬ್ಬ, ತಿನ್ನದವರಿಗೆ ಉಪ್ಪು-ವಿನೆಗರ್ ಹಾಕಿದ ಆಲೂಗಡ್ಡೆಯೇ ಸಾಕು. ಪೊಟ್ಟಣದ ಮೇಲೆ ಒಂದು ಕೈ ಇರಲಿ. ಅಲ್ಲಿನ ಕಡಲಕಾಗೆಗಳು ಕೇಳಿ ತಗೊಳ್ಳುವ ಜಾತಿ ಅಲ್ಲ.